ಉಳ್ಳಾಗಡ್ಡಿ ಪೇಟೆಯ ಪಕ್ಕದಲ್ಲಿ ಕಾರಿನ ಕಾರ್ಖಾನೆ

ಊರು ಬದಲಾದಾಗ ಅಲ್ಲಿನ ಕಸುಬುಗಳ ಗತಿ ಏನಾಗುತ್ತದೆ ಎಂಬುದನ್ನು ಇವತ್ತು ಒಂದೇ ಊರನ್ನು ಹಿಡಿದು ನೋಡೋಣ. ಊರಿನ ಹೆಸರು ಚಾಕಣ. ಪುಣೆಯಿಂದ ನಾಸಿಕದ ಹೆದ್ದಾರಿ ಹಿಡಿದರೆ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ಖೇಡ ತಾಲೂಕಿನಲ್ಲಿ ಸಿಗುತ್ತದೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಮನೆಗಳಿಗೆ ಈ ಹೆಸರು ಹೊಸದಲ್ಲ. “ನಮ್ಮ ಹುಡುಗ ಐಟಿಐ ಮುಗಿಸ್ಯಾನ, ಚಾಕಣದಾಗ ಕಂಪನ್ಯಾಗ ಅದಾನ” ಎನ್ನುವ ತಾಯಂದಿರು ನಮ್ಮ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ಆ ಹುಡುಗ ಕೆಲಸ ಮಾಡುವ ಊರು ಎಂಥದ್ದು, ಅವನು ಅಲ್ಲಿಗೆ ಹೋಗುವ ಮೊದಲು ಅಲ್ಲಿ ಯಾರು ಏನು ಮಾಡುತ್ತಿದ್ದರು ಎಂಬುದು ನಮಗೆ ತಿಳಿದಿರಬೇಕು.

ಚಾಕಣದ ತಳೇಗಾವ್ ಚೌಕದಲ್ಲಿ ಬೆಳಿಗ್ಗೆ ನಿಂತರೆ ಹಳೆಯ ಊರೂ ಹೊಸ ಊರೂ ಒಂದೇ ರಸ್ತೆಗೆ ಪೈಪೋಟಿ ನಡೆಸುವುದು ಕಾಣುತ್ತದೆ. ಹೊಸ ಕಾರುಗಳನ್ನು ಎರಡು ಅಂತಸ್ತಿನಲ್ಲಿ ಹೇರಿಕೊಂಡ ಉದ್ದನೆಯ ಟ್ರೇಲರ್, ಅದರ ಬೆನ್ನಿಗೆ ಚೀಲ ತುಂಬಿದ ಟ್ರ್ಯಾಕ್ಟರ್, ಸಂದಿಯಲ್ಲಿ ಕಾರ್ಮಿಕರ ಬಸ್ಸು. ಯಾವುದೂ ಮುಂದೆ ಸರಿಯುವುದಿಲ್ಲ. 2011ರ ಜನಗಣತಿಯಲ್ಲಿ ಸುಮಾರು 41 ಸಾವಿರ ಜನರಿದ್ದ ಊರಿನ ರಸ್ತೆಗಳ ಮೇಲೆ ದೇಶದ ದೊಡ್ಡ ವಾಹನ ಉದ್ಯಮವೊಂದರ ಭಾರ ಬಿದ್ದಿದೆ.

ಪೇಟೆಯಂತೂ ಬಹಳ ಹಳೆಯದು. 15ನೆಯ ಶತಮಾನದಲ್ಲಿ ಬೀದರಿನಿಂದ ಆಳುತ್ತಿದ್ದ ಬಹಮನಿಗಳ ಸೇನಾನಿ ಮಲಿಕ್-ಉತ್-ತುಜ್ಜಾರ್ ಕೊಂಕಣದ ದಂಡಯಾತ್ರೆಗೆ ಚಾಕಣವನ್ನೇ ನೆಲೆ ಮಾಡಿಕೊಂಡಿದ್ದ. 1660ರಲ್ಲಿ ಮೊಘಲ ಸೇನಾನಿ ಶಾಯಿಸ್ತಾಖಾನನ ಭಾರಿ ಸೇನೆಯ ಎದುರು ಶಿವಾಜಿಯ ಕಿಲ್ಲೇದಾರ ಫಿರಂಗೋಜಿ ನರಸಾಳಾ ಇಲ್ಲಿನ ಸಂಗ್ರಾಮದುರ್ಗ ಕೋಟೆಯನ್ನು ಹೆಚ್ಚುಕಡಿಮೆ ಎರಡು ತಿಂಗಳು ಕಾದ. ಮೊಘಲರು ಸುರಂಗ ತೋಡಿ, ಮದ್ದು ತುಂಬಿ ಬುರುಜು ಹಾರಿಸಿದ ಮೇಲೆಯೇ ಕೋಟೆ ಬಿದ್ದದ್ದು. ಬಯಲುಕೋಟೆ ಇದ್ದಲ್ಲಿ ದಂಡು, ದಂಡು ಇದ್ದಲ್ಲಿ ಸಂತೆ, ಸಂತೆ ಇದ್ದಲ್ಲಿ ಕಮ್ಮಾರ, ಬಡಿಗ, ಕುಂಬಾರ.

ಆ ಸಂತೆ ಇನ್ನೂ ನಡೆಯುತ್ತಿದೆ. ಖೇಡ ಕೃಷಿ ಉತ್ಪನ್ನ ಬಾಜಾರ ಸಮಿತಿಯ ಮಹಾತ್ಮಾ ಫುಲೆ ಮಾರ್ಕೆಟ್ ಇರುವುದು ಚಾಕಣದಲ್ಲೇ. ಶನಿವಾರ ಬಂತೆಂದರೆ ಉಳ್ಳಾಗಡ್ಡಿ, ಬಟಾಟೆ, ಬಳ್ಳೊಳ್ಳಿ, ಶೇಂಗಾ, ಹಸಿಮೆಣಸಿನಕಾಯಿ, ಸೂಡು ಕಟ್ಟಿದ ಮೆಂತ್ಯೆಸೊಪ್ಪು, ಒಂದು ಕಡೆ ದನ, ಎಮ್ಮೆ, ಆಡು, ಕುರಿ. ಹತ್ತಿರದ ಸಾತಗಾವ್ ಪಠಾರದ ಮಳೆಗಾಲದ ಬಟಾಟೆಗೆ ಈ ಸೀಮೆಯಲ್ಲೆಲ್ಲ ಹೆಸರಿದೆ.

ಉಳ್ಳಾಗಡ್ಡಿಯ ರಾಶಿಯ ಮುಂದೆ ಸವಾಲು ಕೂಗುವ ಹೊತ್ತಿಗೆ ವ್ಯಾಪಾರಿಯ ಕೈಯನ್ನು ಗಮನಿಸಬೇಕು. ಅವನು ಗಡ್ಡೆಯ ಹೊಟ್ಟೆಯನ್ನು ಮುಟ್ಟುವುದಿಲ್ಲ, ಕುತ್ತಿಗೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾನೆ. ಕುತ್ತಿಗೆ ಮೆತ್ತಗಿದ್ದರೆ ಕೊಳೆ ಅಲ್ಲಿಂದಲೇ ಒಳಗಿಳಿಯುತ್ತದೆ. ಅಂಥ ಮಾಲು ಕೂಡಿಡಲು ಬರುವುದಿಲ್ಲ, ಕೂಡಲೇ ಮಾರಿಬಿಡಬೇಕು. ಕುತ್ತಿಗೆ ಒಣಗಿ ಮುಚ್ಚಿಕೊಂಡಿದ್ದರೆ, ಅಂಗೈಯಲ್ಲಿ ಹೊರಳಿಸಿದಾಗ ಸಿಪ್ಪೆ ಸರಸರ ಎಂದರೆ, ಆ ಗಡ್ಡೆ ತಿಂಗಳುಗಟ್ಟಲೆ ತಡೆಯುತ್ತದೆ. ಜೋಡುಗಡ್ಡೆ, ದಪ್ಪ ಕುತ್ತಿಗೆಯವು ಹೊಲದಲ್ಲೇ ಬೇರೆಯಾಗುತ್ತವೆ. ಆ ಆರಿಸುವ ಕೆಲಸ ಬಹುಮಟ್ಟಿಗೆ ಹೆಂಗಸರದು. ರಾಶಿಯ ಮುಂದೆ ಗಂಟೆಗಟ್ಟಲೆ ಕುಳಿತು ಕೈಬೆರಳಿನಿಂದಲೇ ಮಾಲಿನ ದರ್ಜೆ ನಿಶ್ಚಯಿಸುವ ಈ ಹೆಂಗಸರಿಗೆ ಸಿಗುವುದು ದಿನಗೂಲಿ ಮಾತ್ರ. ಇದನ್ನು ಕಸುಬು ಎಂದು ಯಾರೂ ಬರೆದುಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಇದು ಕುಂಬಾರಿಕೆಗೆ ಸಮನಾದ ಕಸುಬು.

ಹಮಾಲರ ಸಂಗತಿ ಸ್ವಲ್ಪ ಬೇರೆ. ಮಹಾರಾಷ್ಟ್ರ 1969ರಲ್ಲಿ ಮಾಥಾಡಿ ಎಂದು ಕರೆಯುವ ತಲೆಹೊರೆಯ ಕೂಲಿಗಳಿಗೂ ಹಮಾಲರಿಗೂ ಎಂದೇ ಕಾಯಿದೆ ಮಾಡಿತು. ನೋಂದಾಯಿತ ಹಮಾಲನ ಕೂಲಿ ಆ ಕಾಯಿದೆಯ ಕೆಳಗಿನ ಮಂಡಳಿಯ ಮೂಲಕ ಬರುತ್ತದೆ. ಭವಿಷ್ಯನಿಧಿ, ರಜೆಯ ಸೌಲಭ್ಯಗಳಿಗೆ ಮಾಲೀಕ ಕೂಲಿಯ ಮೇಲೆ ಹೆಚ್ಚಿನ ಹಣ ಕಟ್ಟಬೇಕು. ಬೆನ್ನಿನ ಮೇಲೆ ಚೀಲ ಹೊರುವವನಿಗೆ ಕಾನೂನಿನ ಆಸರೆ ಇರುವುದು, ಎದುರಿಗಿನ ಕಾರ್ಖಾನೆಯಲ್ಲಿ ರೋಬೊ ಪಕ್ಕ ನಿಂತ ಗುತ್ತಿಗೆ ಹುಡುಗನಿಗೆ ಅಷ್ಟು ಭದ್ರತೆ ಇಲ್ಲದಿರುವುದು ಇವೆರಡನ್ನೂ ಒಟ್ಟಿಗೆ ನೆನಪಿಡಬೇಕು.

ಈಗ ಚಕ್ಕಡಿಯ ಗಾಲಿಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಯಾಕೆಂದರೆ ಚಾಕಣದ ಕಥೆ ಇದರಲ್ಲೇ ಇದೆ. ಬಡಿಗ ಜಾಲಿಯ ಕಟ್ಟಿಗೆಯಲ್ಲಿ ನಡುವಿನ ಗುಂಬ ಕಡೆಯುತ್ತಾನೆ, ಅದಕ್ಕೆ ಅರಗಳನ್ನು ಕೂಡಿಸುತ್ತಾನೆ, ಹೊರಗೆ ಬಾಗಿದ ತುಂಡುಗಳನ್ನು ಜೋಡಿಸಿ ದುಂಡಗೆ ಮಾಡುತ್ತಾನೆ. ಎಷ್ಟೇ ಚೊಕ್ಕವಾಗಿ ಕೂಡಿಸಿದರೂ ಅದು ಬರೀ ಕಟ್ಟಿಗೆಯ ಜೋಡಣೆ. ಕಲ್ಲಿನ ದಾರಿಯಲ್ಲಿ ನಾಲ್ಕು ದಿನ ಓಡಿದರೆ ಬಿಚ್ಚಿಕೊಳ್ಳುತ್ತದೆ. ಆಗ ಕಮ್ಮಾರ ಬರುತ್ತಾನೆ. ಗಾಲಿಯ ಸುತ್ತಳತೆ ತೆಗೆದು, ಅದಕ್ಕಿಂತ ತುಸು ಸಣ್ಣದಾಗಿ ಕಬ್ಬಿಣದ ಹಳಿ ಬಾಗಿಸುತ್ತಾನೆ. ಹಳಿಯನ್ನು ನೆಲದ ಮೇಲಿಟ್ಟು ಸುತ್ತ ಕುಳ್ಳು ಒಟ್ಟಿ ಬೆಂಕಿ ಹಚ್ಚುತ್ತಾರೆ. ಹಳಿ ಕೆಂಪಗಾಗಿ ಹಿಗ್ಗುತ್ತದೆ. ಮೂರು ನಾಲ್ಕು ಜನ ಇಕ್ಕಳದಿಂದ ಎತ್ತಿ, ಮಲಗಿಸಿದ ಗಾಲಿಯ ಮೇಲೆ ಇಳಿಸಿ, ಬಡಿದು ಕೂಡಿಸುತ್ತಾರೆ. ಕಟ್ಟಿಗೆ ಹೊಗೆಯಾಡುತ್ತದೆ, ಒಮ್ಮೊಮ್ಮೆ ಹೊತ್ತಿಯೂ ಬಿಡುತ್ತದೆ. ಕೂಡಲೇ ಕೊಡಗಟ್ಟಲೆ ನೀರು. ಹಳಿ ಕುಗ್ಗಿದಂತೆ ಕೀಲುಗಳೆಲ್ಲ ಒಳಕ್ಕೆ ಬಿಗಿಯುತ್ತವೆ. ಒಂದೇ ಒಂದು ಮೊಳೆಯಿಲ್ಲದೆ ಇಡೀ ಗಾಲಿ ಗಟ್ಟಿಯಾಗುತ್ತದೆ. ಹಳಿ ಎಷ್ಟು ಸಣ್ಣದಿರಬೇಕು? ತೀರ ಸಣ್ಣದಾದರೆ ಅರಗಳು ಬಾಗುತ್ತವೆ, ದೊಡ್ಡದಾದರೆ ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಹಳಿ ಕಳಚುತ್ತದೆ. ಕಟ್ಟಿಗೆ ಎಷ್ಟು ಒಣಗಿದೆ, ಯಾವ ಕಾಲ, ಯಾವ ಭಾರಕ್ಕೆ ಗಾಡಿ, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಕಮ್ಮಾರ ಅಳತೆ ಬಿಡುತ್ತಿದ್ದ.

ಈಗ ಕಾರಿನ ಎಂಜಿನ್ನಿಗೆ ಹೋಗೋಣ. ಅದರ ಹಿಂಬದಿಗೆ ಫ್ಲೈವೀಲ್ ಎಂಬ ಭಾರವಾದ ಚಕ್ರ ಇರುತ್ತದೆ. ಅದರ ಅಂಚಿಗೆ ಹಲ್ಲುಗಳಿರುವ ಉಕ್ಕಿನ ಬಳೆ. ನೀವು ಕೀಲಿ ತಿರುಗಿಸಿದಾಗ ಸ್ಟಾರ್ಟರ್ ಮೋಟಾರು ಕಚ್ಚುವುದು ಈ ಹಲ್ಲುಗಳನ್ನೇ. ಆ ಬಳೆಯನ್ನು ಚಕ್ರಕ್ಕಿಂತ ತುಸು ಸಣ್ಣದಾಗಿ ಮಾಡಿ, ಕಾಯಿಸಿ, ಹಿಗ್ಗಿಸಿ, ಚಕ್ರದ ಮೇಲೆ ಕೂಡಿಸಿ ಆರಲು ಬಿಡುತ್ತಾರೆ. ಕುಳ್ಳಿನ ಬೆಂಕಿಯ ಬದಲು ವಿದ್ಯುತ್ತಿನ ಹೀಟರ್, ಅಷ್ಟೇ. ಕಮ್ಮಾರನ ಅರಿವು ಸತ್ತಿಲ್ಲ. ಅದು ತುಂಡು ತುಂಡಾಗಿ ಹಂಚಿಹೋಗಿದೆ. ಅಳತೆ ವಿನ್ಯಾಸಕಾರನ ಪಾಲಾಯಿತು, ಕಾವಿನ ಲೆಕ್ಕ ಯಂತ್ರದ ಪಾಲಾಯಿತು, ಬಳೆಯನ್ನು ಇಟ್ಟು ಗುಂಡಿ ಒತ್ತುವ ಕೈ ಮಾತ್ರ ಕಾರ್ಮಿಕನದು. ಆ ಕೈಗೆ ಇಡೀ ಕೆಲಸ ತಿಳಿದಿರಬೇಕಾಗಿಲ್ಲ. ಆದ್ದರಿಂದಲೇ ಅದರ ಜಾಗದಲ್ಲಿ ನಾಳೆ ಇನ್ನೊಂದು ಕೈ ತಂದು ನಿಲ್ಲಿಸುವುದು ಸುಲಭ.

ಹಳೆಯ ಕ್ರಮದಲ್ಲಿ ಕಮ್ಮಾರನಿಗೂ ಬಡಿಗನಿಗೂ ಸಿಗುತ್ತಿದ್ದುದು ಸುಗ್ಗಿಯಲ್ಲಿ ಕಾಳಿನ ಪಾಲು. ನಮ್ಮಲ್ಲಿ ಹನ್ನೆರಡು ಆಯಗಾರರಿದ್ದಂತೆ ಮಹಾರಾಷ್ಟ್ರದಲ್ಲಿ ಹನ್ನೆರಡು ಬಲುತೇದಾರರು. ಅದನ್ನು ಬಂಗಾರದ ಕಾಲ ಎಂದು ಹೊಗಳುವವರ ಸಾಲಿಗೆ ನಾನು ಸೇರುವುದಿಲ್ಲ. ಜಾತಿ ಕಟ್ಟಿಕೊಟ್ಟ ಕಸುಬನ್ನು ಬಿಡುವ ಹಕ್ಕು ಅಲ್ಲಿ ಯಾರಿಗೂ ಇರಲಿಲ್ಲ. ಮಹಾರರಿಗಂತೂ ಪಾಲಿನ ಹೆಸರಿನಲ್ಲಿ ಸಿಗುತ್ತಿದ್ದುದು ಬಿಟ್ಟಿ ಚಾಕರಿ ಮತ್ತು ಅವಮಾನ. ಅಂಬೇಡ್ಕರರು 1928ರಲ್ಲಿಯೇ ಮುಂಬಯಿ ಶಾಸನಸಭೆಯಲ್ಲಿ ವತನ್ ಎಂಬ ಆ ವಂಶಪಾರಂಪರ್ಯ ಚಾಕರಿಯ ವಿರುದ್ಧ ಮಸೂದೆ ತಂದರು. ವತನ್ ಕಾಯಿದೆಯಿಂದ ರದ್ದಾಗಲು 1958 ಬರಬೇಕಾಯಿತು. ಹೀಗಾಗಿ ಹಳೆಯದೆಲ್ಲ ಹೋಯಿತು ಎಂದು ಅಳುವ ಕಾರಣವಿಲ್ಲ. ಆದರೆ ಬೆಳೆದದ್ದರಲ್ಲಿ ದುಡಿದವನಿಗೆ ಪಾಲಿರಬೇಕು ಎಂಬ ತತ್ವ ಜಾತಿಯ ಸಂಕೋಲೆಯ ಜೊತೆಗೇ ಬಿದ್ದುಹೋದದ್ದು ನಷ್ಟವೇ.

ಕುಲುಮೆಯಿಂದ ಕಾರ್ಖಾನೆಗೆ ಹೋದ ದಾರಿಯ ಒಂದು ತುದಿ ನಮ್ಮ ಬೆಳಗಾವಿ ಜಿಲ್ಲೆಯಲ್ಲಿದೆ ಎಂಬುದನ್ನು ಕೇಳುಗರಿಗೆ ಹೇಳಲೇಬೇಕು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿ ಕೆಡುತ್ತದೆ ಎಂದು ರೈತರು ಹಿಂಜರಿದರು, ಮಾಲು ಬಹಳ ದಿನ ಹಾಗೇ ಬಿದ್ದಿತ್ತು. 1910ರಲ್ಲಿ ಔಂಧ ಸಂಸ್ಥಾನದ ದೊರೆ ಜಾಗ ಕೊಟ್ಟ ಮೇಲೆ ಕಿರ್ಲೋಸ್ಕರವಾಡಿ ಎಂಬ ಕಾರ್ಖಾನೆಯ ಊರು ಎದ್ದಿತು. 1946ರಲ್ಲಿ ಪುಣೆಯ ಖಡಕಿಯಲ್ಲಿ ಅದೇ ಮನೆತನದ ಆಯಿಲ್ ಎಂಜಿನ್ ಕಾರ್ಖಾನೆ ಹುಟ್ಟಿಕೊಂಡಿತು. ಮುಂದೆ ಪುಣೆಯ ಪಕ್ಕದ ಪಿಂಪ್ರಿ, ಚಿಂಚವಡ, ಆಕುರ್ಡಿಗಳು ಕಾರ್ಖಾನೆಗಳಿಂದ ತುಂಬಿದವು. ಅಲ್ಲಿ ಜಾಗ ಸಾಲದಾದಾಗ ಉದ್ಯಮ ಚಾಕಣಕ್ಕೆ ಹರಿಯಿತು. ಬಜಾಜ್ 1990ರ ದಶಕದ ಕೊನೆಗೆ ಬಂತು, ಪಲ್ಸರ್ ಬೈಕು ತಯಾರಾದದ್ದು ಇಲ್ಲೇ. 2009ರಲ್ಲಿ ಫೋಕ್ಸ್‌ವ್ಯಾಗನ್ ಮತ್ತು ಮರ್ಸಿಡಿಸ್ ಬೆಂಝ್, ಅದರ ಬೆನ್ನಿಗೆ ಮಹೀಂದ್ರ. ಬಿಡಿಭಾಗ ಮಾಡುವ ಸಣ್ಣ ಘಟಕಗಳ ಲೆಕ್ಕ ಬೇರೆ.

ಮಹಾಳುಂಗೆ, ನಿಘೋಜೆ, ಕುರುಳಿ, ಖರಾಬವಾಡಿ, ನಾಣೇಕರವಾಡಿ ಎಂಬ ಹಳ್ಳಿಗಳ ಹೊಲಗಳು ಈ ಉದ್ಯಮದ ಹೊಟ್ಟೆಗೆ ಹೋದವು. ಭೂಮಿ ಕೊಟ್ಟವರಲ್ಲಿ ಹಲವರು ಉಳಿದ ತುಂಡಿನಲ್ಲಿ ಸಾಲುಮನೆ ಕಟ್ಟಿ ಬಾಡಿಗೆಗೆ ಬಿಟ್ಟರು. ಒಂದೊಂದು ಖೋಲಿಯಲ್ಲಿ ಪಾಳಿಯ ಮೇಲೆ ಮಲಗುವ ನಾಲ್ಕಾರು ಹುಡುಗರು: ಬಿಹಾರದವರು, ಮರಾಠವಾಡದವರು, ನಮ್ಮವರು. ಉಳುತ್ತಿದ್ದ ಮನೆಗೆ ಬಾಡಿಗೆಯೇ ಬೆಳೆಯಾಯಿತು.

2013ರ ಜೂನಿನಲ್ಲಿ ಬಜಾಜ್‌ನ ಚಾಕಣ ಕಾರ್ಖಾನೆಯಲ್ಲಿ ಮುಷ್ಕರ ಆರಂಭವಾಗಿ 50 ದಿನ ನಡೆಯಿತು. ಕಾರ್ಮಿಕ ಸಂಘದ ಬೇಡಿಕೆಗಳಲ್ಲಿ ಒಂದು, ಪ್ರತಿ ಕಾರ್ಮಿಕನಿಗೆ ಒಂದು ರೂಪಾಯಿಯ ದರದಲ್ಲಿ ಕಂಪನಿಯ 500 ಶೇರು. ಕಂಪನಿ ಒಪ್ಪಲಿಲ್ಲ. ಅದು ಅತಿಯಾಸೆ ಎಂದು ಆಗ ಬಹಳ ಜನ ಮೂಗು ಮುರಿದರು. ನನಗೆ ಹಾಗೆ ಅನಿಸಲಿಲ್ಲ. ಸುಗ್ಗಿಯಲ್ಲಿ ತನ್ನ ಪಾಲು ಕೇಳಲು ಕಣಕ್ಕೆ ಬರುತ್ತಿದ್ದ ಕಮ್ಮಾರನ ಮೊಮ್ಮಗ ಕಾರ್ಖಾನೆಯ ಗೇಟಿನಲ್ಲಿ ನಿಂತು, ಈ ಸಲ ಜಾತಿಯ ಹಂಗಿಲ್ಲದೆ, ಕೇಳಿದ್ದು ಅದೇ ಪಾಲನ್ನು.

ಆದರೆ ಪಾಲು ಕೇಳಲು ಕಾರ್ಖಾನೆ ಊರಲ್ಲಿ ಉಳಿಯಬೇಕು. ಒಂದು ಉದ್ಯಮವನ್ನೇ ನೆಚ್ಚಿ, ಅದು ಎದ್ದುಹೋಗುವುದನ್ನು ಕಂಡ ಊರುಗಳು ಜಗತ್ತಿನಲ್ಲಿವೆ. ಸ್ಕಾಟ್ಲೆಂಡಿನ ಡಂಡಿ ನಗರವನ್ನು ನೋಡಿ. 19ನೆಯ ಶತಮಾನದಲ್ಲಿ ಜಗತ್ತಿಗೆಲ್ಲ ಗೋಣಿತಾಟು ನೇಯ್ದು ಕಳಿಸಿದ ಊರು ಅದು. ಸೆಣಬು ಬಂಗಾಳದ್ದು, ಬಿರುಸಾದ ಅದರ ನಾರನ್ನು ಮೆತ್ತಗೆ ಮಾಡಲು ಬೇಕಾದ ತಿಮಿಂಗಿಲದ ಎಣ್ಣೆ ಡಂಡಿಯ ಬೇಟೆ ಹಡಗುಗಳದ್ದು, ಗಿರಣಿಯಲ್ಲಿ ದುಡಿದವರಲ್ಲಿ ಹೆಂಗಸರೇ ಹೆಚ್ಚು. ಆದರೆ 1855ರಲ್ಲಿ ಕಲ್ಕತ್ತೆಯ ಹತ್ತಿರದ ರಿಷ್ರಾದಲ್ಲಿ ಸೆಣಬಿನ ಗಿರಣಿ ಶುರುವಾಯಿತು, ಅದಕ್ಕೆ ಯಂತ್ರ ಹೋದದ್ದು ಡಂಡಿಯಿಂದಲೇ. ಸೆಣಬು ಬೆಳೆಯುವಲ್ಲೇ ಗಿರಣಿ ಎದ್ದ ಮೇಲೆ ಡಂಡಿಯ ಉದ್ಯಮ ಕ್ರಮೇಣ ಕರಗಿ, 20ನೆಯ ಶತಮಾನ ಮುಗಿಯುವ ಹೊತ್ತಿಗೆ ನೂಲುವುದೇ ನಿಂತಿತು. ಅಲ್ಲಿನ ಒಂದು ಗಿರಣಿ ಈಗ ವರ್ಡಂಟ್ ವರ್ಕ್ಸ್ ಎಂಬ ವಸ್ತುಸಂಗ್ರಹಾಲಯ.

ಕಾರ್ಖಾನೆ ಎದ್ದುಹೋಗುವುದನ್ನು ಚಾಕಣದವರು ಪಕ್ಕದಲ್ಲೇ ಕಂಡಿದ್ದಾರೆ. ತಳೇಗಾವಿನಲ್ಲಿ 2008ರಲ್ಲಿ ಶುರುವಾದ ಜನರಲ್ ಮೋಟರ್ಸ್ ಕಾರ್ಖಾನೆ 2020ರ ಡಿಸೆಂಬರಿನಲ್ಲಿ ಉತ್ಪಾದನೆ ನಿಲ್ಲಿಸಿತು. ಕಟ್ಟಡವನ್ನು 2023ರಲ್ಲಿ ಹ್ಯುಂಡೈ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಗೋಡೆಗಳಿಗೆ ಹೊಸ ಯಜಮಾನ ಸಿಕ್ಕಷ್ಟು ಸುಲಭವಾಗಿ ಕೆಲಸ ಕಳೆದುಕೊಂಡವರಿಗೆ ಹೊಸ ಕೆಲಸ ಸಿಗುವುದಿಲ್ಲ. ಉಳ್ಳಾಗಡ್ಡಿಯ ಪೇಟೆಗೂ ಪೆಟ್ಟು ಬೀಳುತ್ತದೆ: 2023ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ರಫ್ತು ನಿಷೇಧಿಸಿ 2024ರ ಮೇ ತನಕ ಬಿಗಿ ಹಿಡಿದಾಗ ರೈತರು ಕಂಗಾಲಾದರು. ಆದರೂ ಮರುವರ್ಷ ಬೀಜ ಬಿತ್ತಲು ಹೊಲ ಅಲ್ಲೇ ಇರುತ್ತದೆ, ಹೊಲ ಇರುವಷ್ಟು ದಿನ.

ಹಾಗಾದರೆ ಬಡಿಗ, ಕಮ್ಮಾರರಿಗೆ ಊರಲ್ಲಿ ಕೆಲಸವೇ ಉಳಿದಿಲ್ಲವೇ? ಉಳಿದಿದೆ. ಬಿಡಿಭಾಗಗಳನ್ನು ಇಟ್ಟು ಸಾಗಿಸಲು ಕಾರ್ಖಾನೆಗಳಿಗೆ ಕಟ್ಟಿಗೆಯ ಪ್ಯಾಲೆಟ್ಟು, ಪೆಟ್ಟಿಗೆ ದಿನವೂ ಬೇಕು. ಚಾಕಣದ ಸುತ್ತ ಅದೇ ಒಂದು ದಂಧೆಯಾಗಿ ಬೆಳೆದಿದೆ. ಕೇಂದ್ರ ಸರಕಾರ 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಉಪಕರಣಕ್ಕೆ 15 ಸಾವಿರ ರೂಪಾಯಿ, ಎರಡು ಕಂತುಗಳಲ್ಲಿ 3 ಲಕ್ಷದವರೆಗೆ ಶೇಕಡಾ 5ರ ಬಡ್ಡಿಗೆ ಸಾಲ. ಒಳ್ಳೆಯದೇ. ಆದರೆ ಉಪಕರಣ ಕೊಟ್ಟರೆ ಸಾಲದು, ಕೆಲಸದ ಆರ್ಡರು ಬೇಕು. ಅದು ಪೇಟೆಯಿಂದಲೇ ಬರಬಹುದು. ಉಳ್ಳಾಗಡ್ಡಿ ಕೂಡಿಡುವ ಚಾಳಕ್ಕೆ ನೆಲದಿಂದ ಎತ್ತರದ ಹಾಸು ಬೇಕು, ಗಾಳಿ ಅಡ್ಡಹಾಯುವಂತೆ ಸಂದಿ ಬಿಟ್ಟ ಪಕ್ಕೆಗಳು ಬೇಕು, ರಾಶಿಯ ಭಾರ ತಡೆಯುವ ಕಬ್ಬಿಣದ ಚೌಕಟ್ಟು ಬೇಕು. ಇಂಥ ಚಾಳ ಕಟ್ಟಿಕೊಳ್ಳಲು ರೈತನಿಗೆ ಸರಕಾರದ ಸಹಾಯಧನ ಇದೆ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ, ಮಳೆಯ ಇರಚಲು ಯಾವ ಕಡೆ ಹೊಡೆಯುತ್ತದೆ ಎಂದು ತಿಳಿದು ಕಟ್ಟುವ ಕೆಲಸ ಅದು. ಅಳತೆಯಿಂದ ಹಿಡಿದು ಕೊನೆಯ ಬೆಸುಗೆಯವರೆಗೆ ಒಬ್ಬನೇ ಕಸುಬುದಾರ ತನ್ನ ಹೊಣೆಯಲ್ಲಿ ಮುಗಿಸಬಲ್ಲ ಕೆಲಸ. ಸಹಾಯಧನದ ಜೊತೆಗೆ ತಾಲೂಕಿನ ಬಡಿಗ, ಕಮ್ಮಾರರ ಹೆಸರಿನ ಪಟ್ಟಿಯನ್ನೂ ರೈತನ ಕೈಗೆ ಕೊಡಲು ಸರಕಾರಕ್ಕೆ ಹೆಚ್ಚಿನ ಖರ್ಚೇನೂ ಬರುವುದಿಲ್ಲ.