ಪರದೆಯಲ್ಲಿ ಕಂಡದ್ದು ಕ್ಯಾಸೆಟ್ಟಿನಲ್ಲಿ ಏಕಿಲ್ಲ?
(ಸಂಘದ ವಿದ್ಯಾರ್ಥಿ ಶಿಬಿರದಲ್ಲಿ, ಲೋಂಡಾದಲ್ಲಿ, ಮಾಡಿದ ಭಾಷಣದ ಪಠ್ಯ)

 

ಶಿಬಿರದಲ್ಲಿ ನನ್ನ ಪಾಲಿಗೆ ಬಂದ ವಿಷಯ ನೋಡಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ವಿಡಿಯೋ ಕ್ಯಾಸೆಟ್ ರೆಕಾರ್ಡರ್, ಅಂದರೆ ವಿ.ಸಿ.ಆರ್. ಎಂಬ ಯಂತ್ರವನ್ನು ನೀವು ಕಂಡಿರುವುದೇ ಅಪರೂಪ. ಕೊನೆಯವರೆಗೂ ಅದನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ಕೈಬಿಟ್ಟಿತು. ಆದರೂ ಈ ವಿಷಯ ಆರಿಸಿಕೊಳ್ಳಲು ಎರಡು ಕಾರಣಗಳಿವೆ. ದೋಷ ಹುಡುಕುವ ಕ್ರಮವನ್ನು ಕಲಿಸಲು ಇಷ್ಟು ಒಳ್ಳೆಯ ಯಂತ್ರ ಇನ್ನೊಂದಿಲ್ಲ ಎಂಬುದು ಒಂದು. ನಮ್ಮ ಸಂಘದ ಕಪಾಟಿನಲ್ಲಿರುವ ಕ್ಯಾಸೆಟ್‌ಗಳು ಇನ್ನೊಂದು. ಅವುಗಳ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಡಿಶ್ ಮತ್ತು ಸೆಟ್ ಟಾಪ್ ಬಾಕ್ಸ್ ನಮ್ಮ ಊರಿಗೆ ಬಂದ ಕಾಲ ನೆನಪಿಸಿಕೊಳ್ಳಿ. ನಮ್ಮ ದೇಶದಲ್ಲಿ ಖಾಸಗಿ ಡಿ.ಟಿ.ಎಚ್. ಸೇವೆ 2003ರಲ್ಲಿ ಆರಂಭವಾಯಿತು. ದೂರದರ್ಶನದ ಉಚಿತ ಡಿ.ಡಿ. ಡೈರೆಕ್ಟ್ ಪ್ಲಸ್ 2004ರ ಡಿಸೆಂಬರಿನಲ್ಲಿ ಬಂತು. ಅದೇ ವರ್ಷ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತ್ತು; ಅದಕ್ಕೂ ಮೊದಲಿನ ಪ್ರಾಯೋಗಿಕ ಹಂತದಲ್ಲಿ ಇನ್ಸಾಟ್-3ಬಿ ಮೂಲಕ ಪಾಠ ಪಡೆದ ವಿಶ್ವವಿದ್ಯಾಲಯಗಳಲ್ಲಿ ನಮ್ಮ ಬೆಳಗಾವಿಯ ವಿ.ಟಿ.ಯು. ಕೂಡ ಒಂದು. ಆಕಾಶದಿಂದ ಪಾಠ ಇಳಿಯುತ್ತಿತ್ತು, ಆದರೆ ಇಳಿಯುವ ಹೊತ್ತಿಗೆ ಮಕ್ಕಳು ಮನೆಯಲ್ಲಿರುತ್ತಿರಲಿಲ್ಲ. ಆಗ ನೆರವಿಗೆ ಬಂದದ್ದು ವಿ.ಸಿ.ಆರ್.

ನಮ್ಮ ಮೊಹಲ್ಲಾದ ಒಬ್ಬ ಹುಡುಗಿ ಖಾನಾಪುರದ ಕಾಲೇಜಿಗೆ ರೈಲಿನಲ್ಲಿ ಹೋಗಿಬರುತ್ತಿದ್ದಳು. ಮಧ್ಯಾಹ್ನ ಜ್ಞಾನದರ್ಶನದಲ್ಲಿ ಬರುವ ಭೌತಶಾಸ್ತ್ರದ ಪಾಠವನ್ನು ಟೈಮರ್ ಇಟ್ಟು ರೆಕಾರ್ಡ್ ಮಾಡಿ ರಾತ್ರಿ ನೋಡಬೇಕೆಂಬುದು ಅವಳ ಲೆಕ್ಕ. ಟ್ಯೂಷನ್ನಿಗೆ ದುಡ್ಡಿರಲಿಲ್ಲ, ಅವಳ ಪಾಲಿಗೆ ಅದೇ ಟ್ಯೂಷನ್. ಒಂದು ದಿನ ಕ್ಯಾಸೆಟ್ ಹಿಡಿದು ನನ್ನ ಅಂಗಡಿಗೆ ಬಂದಳು. "ಚಾಚಾ, ಎರಡು ತಾಸು ಬರೀ ನೀಲಿ ಐತ್ರಿ. ಮಶೀನ್ ಕೆಟ್ಟೈತೇನ್ರಿ?" ಅಂದಳು. ಕಣ್ಣಲ್ಲಿ ನೀರು ತುಂಬಿತ್ತು. ಅಬ್ಬಾ ಕಷ್ಟಪಟ್ಟು ಕೊಂಡಿದ್ದ ಹಳೆಯ ಯಂತ್ರ ಅದು.

ಯಂತ್ರ ಕೆಟ್ಟಿರಲಿಲ್ಲ. ಟೈಮರ್ ಸರಿಯಾದ ಹೊತ್ತಿಗೆ ವಿ.ಸಿ.ಆರ್. ಅನ್ನು ಎಬ್ಬಿಸಿತ್ತು. ಆದರೆ ಸೆಟ್ ಟಾಪ್ ಬಾಕ್ಸನ್ನು ಎಬ್ಬಿಸುವವರು ಯಾರು? ಬೆಳಗ್ಗೆ ಮನೆ ಬಿಡುವಾಗ ತಾಯಿ ಕರೆಂಟ್ ಉಳಿಯಲೆಂದು ಬಾಕ್ಸನ್ನು ಆರಿಸಿದ್ದರು. ಹಳೆಯ ಆಂಟೆನಾ ಕಾಲದಲ್ಲಿ ವಿ.ಸಿ.ಆರ್.ಗೆ ತನ್ನದೇ ಟ್ಯೂನರ್ ಇತ್ತು. ವಾಹಿನಿಯನ್ನು ಅದೇ ಹುಡುಕಿಕೊಳ್ಳುತ್ತಿತ್ತು. ಡಿಶ್ ಬಂದ ಮೇಲೆ ಹುಡುಕುವ ಕೆಲಸ ಬಾಕ್ಸಿನದಾಯಿತು, ಬರೆದಿಡುವುದಷ್ಟೇ ವಿ.ಸಿ.ಆರ್. ಕೆಲಸ. ಬಾಕ್ಸಿನಲ್ಲಿ ಯಾವ ವಾಹಿನಿ ಇದೆಯೋ ಅದೇ ಟೇಪಿಗೆ ಇಳಿಯುತ್ತದೆ. ಮುಂದಿನ ವಾರ ಬಾಕ್ಸ್ ಚಾಲೂ ಇಟ್ಟೇ ಹೋದಳು. ರಾತ್ರಿ ನೋಡಿದರೆ ಕ್ಯಾಸೆಟ್ ತುಂಬಾ ಕ್ರಿಕೆಟ್! ತಮ್ಮನ ಕೈಚಳಕ. ಮೂರನೆಯ ಸಲ ರಿಮೋಟನ್ನೇ ದಫ್ತರಿನಲ್ಲಿ ಹಾಕಿಕೊಂಡು ಕಾಲೇಜಿಗೆ ಹೋದಳು.

ಇಲ್ಲಿಂದ ನೀವು ಕಲಿಯಬೇಕಾದ ಕ್ರಮ ಶುರುವಾಗುತ್ತದೆ. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಚಿತ್ರ ನಡೆದುಬರುವ ದಾರಿಯನ್ನು ಕಾಗದದ ಮೇಲೆ ಬರೆಯಿರಿ. ಉಪಗ್ರಹ, ಡಿಶ್, ಬಾಕ್ಸ್, ಬಾಕ್ಸಿನಿಂದ ವಿ.ಸಿ.ಆರ್.ಗೆ ಹೋಗುವ ಹಳದಿ-ಬಿಳಿ-ಕೆಂಪು ತಂತಿ, ವಿ.ಸಿ.ಆರ್., ಅಲ್ಲಿಂದ ಟಿ.ವಿ. ಹಳದಿಯಲ್ಲಿ ಚಿತ್ರ, ಉಳಿದೆರಡರಲ್ಲಿ ಧ್ವನಿ. ಈ ದಾರಿಯಲ್ಲಿ ಚಿತ್ರ ಎಲ್ಲಿಯವರೆಗೆ ಚೆನ್ನಾಗಿದೆ, ಎಲ್ಲಿಂದ ಕೆಟ್ಟಿದೆ ಎಂದು ಒಂದೊಂದೇ ಮೆಟ್ಟಿಲು ನೋಡುತ್ತಾ ಬನ್ನಿ. ಬಾಕ್ಸನ್ನು ನೇರವಾಗಿ ಟಿ.ವಿ.ಗೆ ಕೊಟ್ಟಾಗಲೂ ಚಿತ್ರವಿಲ್ಲದಿದ್ದರೆ ವಿ.ಸಿ.ಆರ್. ಬಿಚ್ಚುವುದು ವ್ಯರ್ಥ.

ಸಾಮಾನ್ಯವಾಗಿ ಬರುತ್ತಿದ್ದ ದೂರುಗಳು ಬಹಳ ಸಣ್ಣವು. ಟೈಮರಿನಲ್ಲಿ ವಾಹಿನಿಯ ಸಂಖ್ಯೆ ಹಾಕಿರುತ್ತಿದ್ದರು, ಎ.ವಿ. ಎಂದು ಹಾಕಬೇಕಿತ್ತು. ರೆಕಾರ್ಡ್ ಗುಂಡಿ ಒತ್ತಿದರೆ ಕ್ಯಾಸೆಟ್ ಹೊರಗೆ ಬರುತ್ತದೆ ಎಂದರೆ ಅದರ ಬೆನ್ನಿನಲ್ಲಿರುವ ಪ್ಲಾಸ್ಟಿಕ್ ಹಲ್ಲು ಮುರಿದಿದೆ ಎಂದರ್ಥ. ಆ ಕಂಡಿಗೆ ಅಂಟುಪಟ್ಟಿ ಹಚ್ಚಿದರೆ ಸಾಕು. ಇನ್ನು ಕರೆಂಟ್. ಅರೆಗಳಿಗೆ ಹೋಗಿ ಬಂದರೂ ಎಷ್ಟೋ ಯಂತ್ರಗಳ ಗಡಿಯಾರ ಸೊನ್ನೆಗೆ ಬಂದು ಮಿಣುಕುತ್ತಿತ್ತು, ಟೈಮರ್ ಅಳಿಸಿಹೋಗುತ್ತಿತ್ತು. ನಾನಂತೂ ಎಲ್ಲರಿಗೂ ಸ್ಟೇಷನ್ ಗಡಿಯಾರ ನೋಡಿ ಸಮಯ ಹೊಂದಿಸಿಕೊಳ್ಳಲು ಹೇಳುತ್ತಿದ್ದೆ. ರೈಲು ತಡವಾಗಬಹುದು, ಸ್ಟೇಷನ್ ಗಡಿಯಾರ ತಡವಾಗದು!

ನಮ್ಮ ಲೋಂಡಾದ ಮಳೆಯ ಬಗ್ಗೆ ಬೇರೆ ಹೇಳಬೇಕೇ? ಈ ಡಿಶ್‌ಗಳು ಹಿಡಿಯುವುದು ಕೆ.ಯು. ಬ್ಯಾಂಡ್ ಅಲೆಗಳನ್ನು. ಅವುಗಳ ಉದ್ದ ಎರಡೂವರೆ ಸೆಂಟಿಮೀಟರಿನಷ್ಟೇ. ದಪ್ಪ ಮಳೆಹನಿಗಳು ಅವನ್ನು ಹೀರಿ ಚೆದುರಿಸುತ್ತವೆ. ಹಳೆಯ ಕೇಬಲ್‌ನವರ ದೊಡ್ಡ ಡಿಶ್‌ಗೆ ಬರುತ್ತಿದ್ದ ಸಿ ಬ್ಯಾಂಡ್ ಅಲೆಗಳು ಇನ್ನೂ ಉದ್ದ, ಅವಕ್ಕೆ ಮಳೆಯ ಬಾಧೆ ಕಡಿಮೆ. ಹಾಗಾಗಿ ಜುಲೈ ತಿಂಗಳಲ್ಲಿ ಚಿತ್ರ ಚೌಕಚೌಕವಾಗಿ ಒಡೆದು ನಿಂತರೆ ಅದು ಟೇಪಿನ ದೋಷವಲ್ಲ. ಟೇಪಿನ ದೋಷ ಚೌಕ ಮಾಡುವುದಿಲ್ಲ. ಹಿಮ ಸುರಿದಂತೆ ಬಿಳಿಚುಕ್ಕೆ ಅಥವಾ ಅಡ್ಡಗೆರೆ ತರುತ್ತದೆ. ಚೌಕ ಕಂಡರೆ ಮಾಳಿಗೆ ಹತ್ತಿ ಡಿಶ್ ನೋಡಿ, ಹಿಮ ಕಂಡರೆ ಯಂತ್ರದ ಹೆಡ್ ಒರೆಸಿ. ಆಗ್ನೇಯಕ್ಕೆ ಮುಖ ಮಾಡಿದ ಡಿಶ್‌ನ ಎದುರಿಗೆ ಹಲಸಿನ ಕೊಂಬೆ ಬೆಳೆದಿದ್ದನ್ನು ಗಮನಿಸದೆ ಮೂರು ಸಲ ಹೆಡ್ ಒರೆಸಿದವರನ್ನು ನಾನು ಬಲ್ಲೆ.

ಈಗ ಹಣ ಕೊಟ್ಟು ನೋಡುವ ಕಾರ್ಯಕ್ರಮದ ವಿಷಯ. ತಿಂಗಳ ಚಂದಾ ಬೇರೆ, ಒಂದೇ ಚಿತ್ರಕ್ಕೆ ಒಂದು ಸಲಕ್ಕೆ ಹಣ ಕಟ್ಟುವ 'ಪೇ ಪರ್ ವ್ಯೂ' ಬೇರೆ. ನೀವು ಹಣ ಕಟ್ಟಿದ ಮೇಲೆ ಬಾಕ್ಸಿನಲ್ಲಿರುವ ಕಾರ್ಡಿಗೆ ಉಪಗ್ರಹದ ಮೂಲಕವೇ ಅನುಮತಿ ಬರುತ್ತದೆ. ಬಾಕ್ಸ್ ಆರಿದ್ದರೆ ಆ ಅನುಮತಿ ತಲುಪುವುದಿಲ್ಲ. ಹಣ ಹೋಯಿತು, ಚಿತ್ರ ಬರಲಿಲ್ಲ ಎಂಬ ಎಷ್ಟೋ ಜಗಳಗಳ ಮೂಲ ಇದು. ಇನ್ನೊಂದು ದೂರು ವಿಚಿತ್ರವಾದುದು. ಟಿ.ವಿ.ಯಲ್ಲಿ ಚಿತ್ರ ಸೊಗಸಾಗಿದೆ, ಅದೇ ಚಿತ್ರ ಕ್ಯಾಸೆಟ್ಟಿನಲ್ಲಿ ಕೆಲವು ಸೆಕೆಂಡಿಗೊಮ್ಮೆ ಕಪ್ಪಾಗುತ್ತದೆ, ಮತ್ತೆ ಬೆಳಗುತ್ತದೆ, ಬಣ್ಣ ಹಾರುತ್ತದೆ, ಮೇಲ್ಭಾಗ ಬಾಗುತ್ತದೆ. ಗಿರಾಕಿ ತಂತಿ ಬದಲಿಸುತ್ತಾನೆ, ಹೆಡ್ ಬದಲಿಸುತ್ತಾನೆ, ಕೊನೆಗೆ ಯಂತ್ರವನ್ನೇ ಬದಲಿಸುತ್ತಾನೆ. ದೋಷ ಹೋಗುವುದಿಲ್ಲ, ಏಕೆಂದರೆ ಅದು ದೋಷವೇ ಅಲ್ಲ.

ನಮ್ಮ ಟಿ.ವಿ. ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು. ಎಲ್ಲವೂ ಪರದೆಯ ಮೇಲೆ ಕಾಣುವುದಿಲ್ಲ. ಕೆಲವು ಗೆರೆಗಳು ಮೇಲಂಚಿನಾಚೆ ಅಡಗಿರುತ್ತವೆ. ಆ ಅಡಗಿದ ಗೆರೆಗಳಲ್ಲಿ ಬಹಳ ಪ್ರಖರವಾದ ಸುಳ್ಳು ಮಿಡಿತಗಳನ್ನು ಸೇರಿಸುತ್ತಾರೆ. ಮ್ಯಾಕ್ರೋವಿಷನ್ ಎಂದು ಇದರ ಹೆಸರು. 1980ರ ದಶಕದ ನಡುವಿನಿಂದ ಬಳಕೆಯಲ್ಲಿತ್ತು. ಬರುವ ಸಂಕೇತ ಜೋರಾಗಿದ್ದರೆ ತಗ್ಗಿಸುವ, ಕ್ಷೀಣವಾಗಿದ್ದರೆ ಏರಿಸುವ ಒಂದು ಸ್ವಯಂಚಾಲಿತ ವ್ಯವಸ್ಥೆ ವಿ.ಸಿ.ಆರ್.ನಲ್ಲಿರುತ್ತದೆ. ಅದು ಈ ಸುಳ್ಳು ಮಿಡಿತವನ್ನು ಕಂಡು, ಚಿತ್ರ ಬಹಳ ಪ್ರಖರವಾಗಿದೆ ಎಂದು ಮೋಸಹೋಗಿ, ಎಲ್ಲವನ್ನೂ ತಗ್ಗಿಸಿಬಿಡುತ್ತದೆ. ಮಿಡಿತ ಇಳಿದಾಗ ಮತ್ತೆ ಏರಿಸುತ್ತದೆ. ಟಿ.ವಿ.ಗೆ ಆ ಭ್ರಮೆಯಾಗದು, ಆದ್ದರಿಂದ ನೋಡಲು ಅಡ್ಡಿಯಿಲ್ಲ. ಪರೀಕ್ಷೆ ಸುಲಭ: ಅದೇ ಬಾಕ್ಸಿನಿಂದ ಒಂದು ಉಚಿತ ವಾಹಿನಿಯನ್ನು ಐದು ನಿಮಿಷ ರೆಕಾರ್ಡ್ ಮಾಡಿ. ಅದು ಚೆನ್ನಾಗಿ ಬಂದು, ಹಣ ಕಟ್ಟಿದ ಚಿತ್ರ ಮಾತ್ರ ಮಿಣುಕಿದರೆ ಯಂತ್ರವನ್ನು ಮುಟ್ಟಬೇಡಿ. ಬಾಕ್ಸನ್ನು ವಿ.ಸಿ.ಆರ್. ಮೂಲಕ ಹಾಯಿಸಿ ಟಿ.ವಿ.ಗೆ ಕೊಟ್ಟಿದ್ದರೆ ಬರೀ ನೋಡುವಾಗಲೂ ಮಿಣುಕುತ್ತದೆ. ಆಗ ತಂತಿಯನ್ನು ನೇರ ಟಿ.ವಿ.ಗೆ ಕೊಡಿ.

ಇಲ್ಲಿ ಒಂದು ಹಳೆಯ ಜಗಳ ಹೇಳಿಬಿಡುತ್ತೇನೆ. 2008ರಲ್ಲಿ ಬಡ ಮಕ್ಕಳಿಗೆ ನೋಟ್‌ಬುಕ್ ಹಂಚಲು ಹಣ ಕೂಡಿಸಬೇಕಿತ್ತು. ನಮ್ಮ ಹುಡುಗರಲ್ಲೊಬ್ಬ ಬಂದು, "ಭಾಯಿ, ಒಂದ್ಸಲ ರೊಕ್ಕಾ ಕಟ್ಟಿ ಹೊಸ ಪಿಚ್ಚರ್ ರೆಕಾರ್ಡ್ ಮಾಡೂಣು, ಹಾಲಿನ್ಯಾಗ ಟಿಕೆಟ್ ಇಟ್ಟು ತೋರಿಸೂಣು" ಅಂದ. ಆ ಮಿಡಿತಗಳನ್ನು ಅಳಿಸುವ ಸಣ್ಣ ಡಬ್ಬಿಯೊಂದು ಪೇಟೆಯಲ್ಲಿ ಸಿಗುತ್ತಿತ್ತು, ಅದನ್ನು ಜೋಡಿಸುವುದು ನನಗೆ ಗೊತ್ತಿತ್ತು. ಸುಳ್ಳು ಹೇಳುವುದಿಲ್ಲ, ಮನಸ್ಸು ಒಂದು ರಾತ್ರಿ ಅತ್ತಿತ್ತ ತೂಗಿತು. ಕೆಲಸ ಒಳ್ಳೆಯದು, ಮಕ್ಕಳು ನಮ್ಮವರೇ. ಬೆಳಗ್ಗೆ ಆಗದು ಎಂದೆ. ಒಂದು ಮನೆಯಲ್ಲಿ ನೋಡಲೆಂದು ಕೊಟ್ಟದ್ದು ಅಮಾನತ್. ಅದನ್ನು ಹಾಲಿಗೆ ತಂದು ಟಿಕೆಟ್ ಹಚ್ಚಿದರೆ ಮಾರಾಟ. ಹುಡುಗ ಸಿಟ್ಟಿನಿಂದ ಸಭೆಗೆ ಬರುವುದನ್ನೇ ಬಿಟ್ಟ. ನೋಟ್‌ಬುಕ್ ಆ ವರ್ಷ ಎಲ್ಲರಿಗೂ ಸಾಲಲಿಲ್ಲ ಎಂಬುದೂ ನಿಜ. ನಾನು ಮಾಡಿದ್ದು ಸರಿ ಎಂದು ಅವನು ಇಂದಿಗೂ ಒಪ್ಪಿಲ್ಲ.

ಕಾನೂನು ಏನೆನ್ನುತ್ತದೆ ಎಂಬುದನ್ನೂ ತಿಳಿದಿರಿ. ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ, ಸೋನಿ ಕಂಪನಿಯ ಬೀಟಾಮ್ಯಾಕ್ಸ್ ಯಂತ್ರದ ಮೊಕದ್ದಮೆಯಲ್ಲಿ, ಉಚಿತವಾಗಿ ಬರುವ ಕಾರ್ಯಕ್ರಮವನ್ನು ಮನೆಯಲ್ಲಿ ಬಿಡುವಾದಾಗ ನೋಡಲೆಂದು ರೆಕಾರ್ಡ್ ಮಾಡಿಕೊಳ್ಳುವುದು ತಪ್ಪಲ್ಲ ಎಂದು ತೀರ್ಪು ಕೊಟ್ಟಿತು. ಅದೂ ಐದಕ್ಕೆ ನಾಲ್ಕು ಮತಗಳಿಂದ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮು, ಪ್ರಸಾರವನ್ನು ಸ್ವಂತ ಬಳಕೆಗೆ ಅಥವಾ ಪ್ರಾಮಾಣಿಕ ಬೋಧನೆ-ಸಂಶೋಧನೆಗೆ ಮಾತ್ರ ರೆಕಾರ್ಡ್ ಮಾಡಿಕೊಂಡರೆ ಪ್ರಸಾರಕರ ಹಕ್ಕಿಗೆ ಭಂಗವಿಲ್ಲ ಎನ್ನುತ್ತದೆ. ಖಾನಾಪುರಕ್ಕೆ ಹೋಗುತ್ತಿದ್ದ ಹುಡುಗಿಯ ಭೌತಶಾಸ್ತ್ರ ಈ ಕಡೆಗೆ ಬಂತು, ನಮ್ಮ ಟಿಕೆಟ್ಟಿನ ಪಿಚ್ಚರ್ ಆ ಕಡೆಗೆ. ಹಕ್ಕನ್ನು ಉಲ್ಲಂಘಿಸಲೆಂದು ಇಂತಹ ತಾಂತ್ರಿಕ ಬೀಗ ಮುರಿಯುವುದನ್ನು 2012ರ ತಿದ್ದುಪಡಿ ಅಪರಾಧವೆಂದೇ ಸಾರಿದೆ.

ಇನ್ನು ಕಪಾಟಿನ ಮಾತು. ಸಂಘದ ಹಳೆಯ ವಾರ್ಷಿಕೋತ್ಸವಗಳು, ಈಗ ನಮ್ಮೊಂದಿಗಿಲ್ಲದ ಹಿರಿಯರ ಭಾಷಣಗಳು ಎಲ್ಲವೂ ವಿ.ಎಚ್.ಎಸ್. ಕ್ಯಾಸೆಟ್‌ಗಳಲ್ಲಿವೆ. ಹೋದ ಮಳೆಗಾಲದಲ್ಲಿ ಕಪಾಟು ತೆಗೆದಾಗ ಕ್ಯಾಸೆಟ್ ಕಿಟಕಿಯೊಳಗೆ ಬಿಳಿ ಬೂಷ್ಟು ಕಂಡಿತು. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ನೋಡೋಣ ಎಂದು ಒಂದನ್ನು ಯಂತ್ರಕ್ಕೆ ಹಾಕಿಬಿಟ್ಟೆ. ಅರ್ಧ ಇಂಚಿನ ಪಟ್ಟಿ ಬೂಷ್ಟಿನಿಂದ ಅಂಟಿಕೊಂಡು ಹರಿಯಿತು. ಹೆಡ್ಡಿಗೆ ತಗುಲಿದ ಬೂಷ್ಟು ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ಹತ್ತಿತು. ಸಂಘದ ಮೊದಲ ಸಭೆಗಳಲ್ಲೊಂದರ ಭಾಷಣ ಅದರಲ್ಲಿತ್ತು. ಇಪ್ಪತ್ತು ನಿಮಿಷ ಹೋಯಿತು, ತಿರುಗಿ ಬರುವುದಿಲ್ಲ. ಆ ಹಿರಿಯರ ಮೊಮ್ಮಗ ಇಲ್ಲೇ ಕುಳಿತಿದ್ದಾನೆ. ಅವನ ಮುಂದೆ ಇದನ್ನು ಹೇಳಲೇಬೇಕಿತ್ತು.

ಬೂಷ್ಟು ಕಂಡ ಕ್ಯಾಸೆಟ್ಟನ್ನು ಬೇರೆ ಇಡಿ, ಮುಚ್ಚಿದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಕೆಲವು ವಾರ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒರೆಸಿದ ಮೇಲಷ್ಟೇ ಯಂತ್ರದ ಹತ್ತಿರ ತನ್ನಿ. ಅಂಥವಕ್ಕೆ ಒಂದು ಬೇರೆ ಯಂತ್ರವನ್ನೇ ಮೀಸಲಿಡುವುದು ಉತ್ತಮ. ಹೆಡ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆಯ ಚರ್ಮದ ತುಂಡು ಬೇಕು. ಹತ್ತಿ ಸುತ್ತಿದ ಕಡ್ಡಿ ಬೇಡ, ಅದರ ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಹೆಡ್ ಇರುವ ಉರುಳೆ ಸುತ್ತುವ ದಿಕ್ಕಿನಲ್ಲೇ ಒರೆಸಿ. ಮೇಲೆ ಕೆಳಗೆ ಒರೆಸಿದರೆ ಹೆಡ್ ಮುರಿಯುತ್ತದೆ.

ನಂತರ ವಿ.ಸಿ.ಆರ್.ನಿಂದ ಕಂಪ್ಯೂಟರಿಗೆ, ಯು.ಎಸ್.ಬಿ. ಸಾಧನದ ಮೂಲಕ. ಮೂರು ತಾಸಿನ ಕ್ಯಾಸೆಟ್ಟಿಗೆ ಮೂರು ತಾಸೇ ಬೇಕು. ಇಲ್ಲಿ ಹಳೆಯ ಪರಿಚಯಸ್ಥ ಮತ್ತೆ ಎದುರಾದ. ನಾವೇ ಕ್ಯಾಮೆರಾದಲ್ಲಿ ಹಿಡಿದ ವಾರ್ಷಿಕೋತ್ಸವವನ್ನು ಹಾಕಿದರೆ, 'ಇದು ಸಂರಕ್ಷಿತ ಚಿತ್ರ, ಪ್ರತಿ ಮಾಡುವಂತಿಲ್ಲ' ಎಂದು ಕಂಪ್ಯೂಟರ್ ತಗಾದೆ ತೆಗೆಯಿತು. ಟೇಪು ಹಳತಾಗಿ ಗೆರೆಗಳ ತಾಳ ತಪ್ಪಿದಾಗ ಅಂಚಿನ ಗೊಂದಲವನ್ನೇ ಆ ಸಾಧನ ಮ್ಯಾಕ್ರೋವಿಷನ್ ಮಿಡಿತವೆಂದು ತಿಳಿಯುತ್ತದೆ. ತಾಳ ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಉಪಕರಣವನ್ನು ನಡುವೆ ಇಟ್ಟರೆ ತಗಾದೆ ನಿಲ್ಲುತ್ತದೆ; ಕೆಲವು ಹಳೆಯ ಡಿವಿಡಿ ರೆಕಾರ್ಡರ್‌ಗಳ ಮೂಲಕ ಹಾಯಿಸಿದರೂ ಆದೀತು. ನಮ್ಮ ಸಭೆ, ನಮ್ಮ ಕ್ಯಾಮೆರಾ. ಇದರಲ್ಲಿ ಯಾರ ಬೀಗವನ್ನೂ ಮುರಿದಂತಾಗದು.

ಕಪಾಟಿನಲ್ಲಿ ಇನ್ನೂ ನಲವತ್ತೊಂದು ಕ್ಯಾಸೆಟ್‌ಗಳಿವೆ. ನನ್ನಲ್ಲಿ ನಡೆಯುವ ಯಂತ್ರಗಳು ಎರಡು, ಅದರಲ್ಲೊಂದರ ರಬ್ಬರ್ ಬೆಲ್ಟ್ ಸಡಿಲವಾಗಿದೆ. ಮಳೆ ಹಿಡಿಯುವ ಮೊದಲು ಭಾಷಣದ ಕ್ಯಾಸೆಟ್‌ಗಳನ್ನಾದರೂ ಮುಗಿಸಬೇಕು, ನಾಟಕ-ಆಟೋಟದವು ಆಮೇಲೆ. ಭಾನುವಾರ ಜೊಹರ್ ನಮಾಜಿನ ನಂತರ ಅಂಗಡಿ ತೆರೆದಿರುತ್ತದೆ. ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಬಂದರೆ ಸಾಕು. ಬರುವಾಗ ಒಂದು ನೋಟ್‌ಬುಕ್ ತನ್ನಿ. ಪ್ರತಿ ಕ್ಯಾಸೆಟ್ಟಿನಲ್ಲಿ ಯಾರು ಮಾತಾಡಿದ್ದಾರೆ ಎಂದು ಬರೆದುಕೊಳ್ಳಬೇಕು. ಮುಖ ನೋಡಿ ಹೆಸರು ಹೇಳಬಲ್ಲವರು ಈಗ ಮೂರೇ ಜನ ಉಳಿದಿದ್ದಾರೆ, ಅವರನ್ನೂ ಕರೆದಿದ್ದೇನೆ.