ದ್ವಾಪರದ ಊರಿನಲ್ಲಿ ವಿಜಯನಗರದ ಬೀದಿ

(ಹುಲಗೂರಿನ ಯುವ ಓದುಗರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಬರಹರೂಪ)



ಮಾಯಾವಿದ್ಯೆ ಕಲಿತ ಹುಡುಗ ಹುಡುಗಿಯರು ಕಾಲವನ್ನೇ ಹಿಂದಕ್ಕೆ ತಿರುಗಿಸುವ, ಕಳೆದುಹೋದ ಯುಗಕ್ಕೆ ಕಾಲಿಡುವ ಕಾದಂಬರಿಗಳಿಗೆ ಇಂದು ಜಗತ್ತಿನಾದ್ಯಂತ ಓದುಗರಿದ್ದಾರೆ. ಇಂಗ್ಲೆಂಡಿನ ಎಚ್.ಜಿ. ವೆಲ್ಸ್ 1895ರಲ್ಲಿ ಯಂತ್ರವೇರಿ ಮುಂದಿನ ಕಾಲಕ್ಕೆ ಹೋಗುವ ಮನುಷ್ಯನ ಕಥೆ ಬರೆದರು. 1999ರಲ್ಲಿ ಬಂದ ಹ್ಯಾರಿ ಪಾಟರ್ ಮಾಲೆಯ ಮೂರನೆಯ ಪುಸ್ತಕದಲ್ಲಿ ಜೆ.ಕೆ. ರೌಲಿಂಗ್ ಅಂಥ ಯಂತ್ರದ ಗೊಡವೆಗೆ ಹೋಗದೆ, ಶಾಲೆಯ ಹುಡುಗಿಯೊಬ್ಬಳ ಕೊರಳಿನ ಸರಕ್ಕೆ ಪುಟ್ಟದೊಂದು ಮರಳು ಗಡಿಯಾರ ತೂಗುಹಾಕಿದರು. ಅದನ್ನು ತಿರುಗಿಸಿದರೆ ಸಾಕು, ಗಂಟೆಗಳು ಹಿಂದೆ ಸರಿಯುತ್ತವೆ. ಇಂಥ ಪುಸ್ತಕಗಳನ್ನು ಓದಿದ ಹರೆಯದವರು, ಈ ಬಗೆಯ ಕಥೆ ಇಂಗ್ಲಿಷಿನ ಸೊತ್ತು, ಕನ್ನಡಕ್ಕೆ ಅದು ಹೊರಗಿನಿಂದ ಬರಬೇಕಾದದ್ದು ಎಂದುಕೊಂಡರೆ ಆಶ್ಚರ್ಯವಿಲ್ಲ.

ಆದರೆ ಹುಲಗೂರು ಸೇರಿರುವ ಶಿಗ್ಗಾವಿ ತಾಲ್ಲೂಕಿನಲ್ಲೇ ಬಾಡ ಎಂಬ ಊರಿದೆ. ಅದು ಕನಕದಾಸರು ಹುಟ್ಟಿದ ಊರು. 16ನೆಯ ಶತಮಾನದ ಈ ಕವಿಯ 'ಮೋಹನತರಂಗಿಣಿ'ಯಲ್ಲಿ ಮಾಯೆ ಇದೆ, ಆಕಾಶಮಾರ್ಗದ ಪಯಣವಿದೆ, ಕಾಲದ ವಿಚಿತ್ರ ಆಟವೂ ಇದೆ. 'ನಮ್ಮಲ್ಲೂ ಇತ್ತು' ಎಂದು ಎದೆ ತಟ್ಟಿಕೊಳ್ಳಲು ಈ ಮಾತು ಹೇಳುತ್ತಿಲ್ಲ. ಮಾಯೆಯಿಂದ ಏನನ್ನು ದಾಟಬಹುದು, ಏನನ್ನು ದಾಟಲಾಗದು ಎಂಬ ಪ್ರಶ್ನೆಗೆ ಈ ನೆಲದ ಕಥೆಗಳು ಕೊಡುವ ಉತ್ತರ ಕೇಳುವಂತಿದೆ ಎಂಬುದಕ್ಕಾಗಿ ಈ ಮಾತು.

ಮೊದಲು ಈ ಊರಿನಿಂದಲೇ ಆರಂಭಿಸೋಣ. ಹುಲಗೂರಿನ ಖಾದರಿ ಪಂಥದ ಸಂತರ ಆಶೀರ್ವಾದದಿಂದಲೇ 1819ರಲ್ಲಿ ಶಿಶುನಾಳದಲ್ಲಿ ಷರೀಫ ಸಾಹೇಬರು ಹುಟ್ಟಿದರೆಂಬುದು ಈ ಸೀಮೆಯ ನಂಬಿಕೆ. ಕೋಳಿ ಕೋತಿಯನ್ನು ನುಂಗುವ, ಆಡು ಆನೆಯನ್ನು ನುಂಗುವ ಷರೀಫರ ಹಾಡನ್ನು ಕೇಳಿ ಬೆಳೆದ ಮಕ್ಕಳಿಗೆ ತಲೆಕೆಳಗಾದ ಲೋಕ ಹೊಸದಲ್ಲ. ದರ್ಗಾ ಇರುವ ಊರಿನ ಮುಸ್ಲಿಂ ಮನೆಗಳಿಗೆ ಗುಹೆಯಲ್ಲಿ ಮಲಗಿದ ಯುವಕರ ಕಥೆಯೂ ಹೊಸದಲ್ಲ. ಕುರಾನಿನ 18ನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ತಮ್ಮ ನಂಬಿಕೆ ಉಳಿಸಿಕೊಳ್ಳಲು ಗುಹೆ ಸೇರಿದ ಕೆಲವು ತರುಣರು ಅಲ್ಲಿ ನಿದ್ದೆ ಹೋಗುತ್ತಾರೆ. ಎದ್ದಾಗ ಅವರಿಗೆ ಒಂದು ದಿನವೋ ಅರ್ಧ ದಿನವೋ ಕಳೆದಂತೆ ಅನಿಸುತ್ತದೆ. ಬೆಳ್ಳಿಯ ನಾಣ್ಯ ಕೊಟ್ಟು ಒಬ್ಬನನ್ನು ಊಟ ತರಲು ಪೇಟೆಗೆ ಕಳಿಸುತ್ತಾರೆ. ಅವರು ಗುಹೆಯಲ್ಲಿ ಕಳೆದದ್ದು ಮುನ್ನೂರು, ಅದರ ಮೇಲೆ ಒಂಬತ್ತು ವರ್ಷ.

ಇದೇ ಬಗೆಯ ಗುಹೆ ಭಾಗವತದಲ್ಲೂ ಇದೆ. ದೇವತೆಗಳ ಪರವಾಗಿ ಹೋರಾಡಿ ದಣಿದ ಮುಚುಕುಂದ ರಾಜ ವರವಾಗಿ ಕೇಳಿದ್ದು ನಿದ್ದೆಯನ್ನು. ಅವನು ಕಣ್ಣು ತೆರೆಯುವ ಹೊತ್ತಿಗೆ ಯುಗವೇ ಬದಲಾಗಿ, ಎದುರಿಗೆ ಕೃಷ್ಣ ನಿಂತಿದ್ದ. ಗುಹೆಯಿಂದ ಹೊರಬಂದು ನೋಡಿದರೆ ಮನುಷ್ಯರು, ಪ್ರಾಣಿಗಳು, ಗಿಡಮರಗಳು ಎಲ್ಲವೂ ಕುಳ್ಳಾಗಿದ್ದವು.

ಇದಕ್ಕಿಂತ ದೊಡ್ಡ ಪಯಣ ಒಬ್ಬ ಹುಡುಗಿಯದು. ಅವಳ ಹೆಸರು ರೇವತಿ. ಮಗಳಿಗೆ ತಕ್ಕ ವರ ಯಾರೆಂದು ಕೇಳಲು ತಂದೆ ಕಕುದ್ಮಿ ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಗಾಯನ ನಡೆದಿರುತ್ತದೆ. ಹಾಡು ಮುಗಿಯಲಿ ಎಂದು ಸ್ವಲ್ಪ ಹೊತ್ತು ಕಾಯುತ್ತಾನೆ. ಬಳಿಕ ತನ್ನ ಮನಸ್ಸಿನಲ್ಲಿದ್ದ ವರಗಳ ಹೆಸರು ಹೇಳಿದಾಗ ಬ್ರಹ್ಮ ನಕ್ಕುಬಿಡುತ್ತಾನೆ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದಿದ್ದವು. ಪುರಾಣದ ಲೆಕ್ಕದಲ್ಲಿ ಒಂದು ಚತುರ್ಯುಗಕ್ಕೆ 43 ಲಕ್ಷದ 20 ಸಾವಿರ ವರ್ಷ. ಗುಣಿಸಿದರೆ 11 ಕೋಟಿ 66 ಲಕ್ಷದ 40 ಸಾವಿರ ವರ್ಷವಾಗುತ್ತದೆ. ಆ ವರಗಳಷ್ಟೇ ಏಕೆ, ಅವರ ಮಕ್ಕಳು, ಮೊಮ್ಮಕ್ಕಳ ಹೆಸರೂ ಯಾರಿಗೂ ನೆನಪಿರಲಿಲ್ಲ.

ರೇವತಿ ಮರಳಿ ಬಂದು ಬಲರಾಮನ ಕೈ ಹಿಡಿಯುತ್ತಾಳೆ. ಹಳೆಯ ಯುಗದ ಅವಳ ಎತ್ತರವನ್ನು ಬಲರಾಮ ನೇಗಿಲ ತುದಿಯಿಂದ ತಗ್ಗಿಸಿದನೆಂದು ವಿಷ್ಣುಪುರಾಣ ಹೇಳುತ್ತದೆ. ಕಥೆ ಕೇಳುವವರು ಇಲ್ಲಿ ನಗುತ್ತಾರೆ. ಅವಳ ಗೆಳತಿಯರು, ಅವಳು ಆಡಿದ ಅಂಗಳ, ಅವಳ ಊರಿನ ಮಾತು ಎಲ್ಲವೂ ಒಂದು ಹಾಡು ಮುಗಿಯುವುದರೊಳಗೆ ಇಲ್ಲವಾದವು ಎಂಬುದನ್ನು ನೆನೆದರೆ ಆ ನಗು ನಿಲ್ಲುತ್ತದೆ. ಕಾಲವನ್ನು ದಾಟುವುದು ಸಾಧ್ಯ, ಆದರೆ ಅದಕ್ಕೆ ಸುಂಕ ಕಟ್ಟಬೇಕು ಎಂಬುದು ಈ ಎಲ್ಲ ಕಥೆಗಳ ಒಳಗಿನ ಮಾತು.

ಈ ರೇವತಿ ಬಾಳಿದ ದ್ವಾರಕೆಯೇ 'ಮೋಹನತರಂಗಿಣಿ'ಯ ರಂಗಸ್ಥಳ. ಕಾವ್ಯದ ನಾಯಕರಲ್ಲಿ ಒಬ್ಬನಾದ ಅನಿರುದ್ಧನಿಗೆ ಅವಳು ಸಂಬಂಧದಲ್ಲಿ ಅಜ್ಜಿಯಾಗಬೇಕು.

ಕನಕದಾಸರ ಮೊದಲ ಹೆಸರು ತಿಮ್ಮಪ್ಪ ನಾಯಕ. ಕುರುಬ ಸಮುದಾಯದವರು. ಬಂಕಾಪುರ ಸೀಮೆಯ ನಾಯಕರಾಗಿ, ವಿಜಯನಗರದ ಆಳ್ವಿಕೆಯಡಿ ಕತ್ತಿ ಹಿಡಿದವರು. ಯುದ್ಧದ ನೋವು ಕಂಡ ಮೇಲೆ ಆ ಬದುಕನ್ನು ಬಿಟ್ಟು ಕಾಗಿನೆಲೆಯ ಆದಿಕೇಶವನಿಗೆ ದಾಸರಾದರೆಂದು ಪರಂಪರೆ ಹೇಳುತ್ತದೆ. ಕೀರ್ತನೆಗಳಲ್ಲದೆ ನಳಚರಿತ್ರೆ, ಹರಿಭಕ್ತಿಸಾರ, ರಾಮಧಾನ್ಯಚರಿತೆಗಳೂ ಅವರವೇ. 'ಕೃಷ್ಣಚರಿತೆ' ಎಂಬ ಇನ್ನೊಂದು ಹೆಸರೂ ಇರುವ 'ಮೋಹನತರಂಗಿಣಿ' ಅವುಗಳಲ್ಲಿ ದೊಡ್ಡದು. ಹಾಡಿಕೊಳ್ಳಲು ಹಗುರವಾದ ಸಾಂಗತ್ಯದಲ್ಲಿ 42 ಸಂಧಿಗಳು. ಇದು ಮಕ್ಕಳಿಗಾಗಿ ಬರೆದದ್ದಲ್ಲ, ಶೃಂಗಾರವೇ ಪ್ರಧಾನವಾದ ಕಾವ್ಯ. ಆದರೆ ಅದರ ಎರಡೂ ಪ್ರೇಮಕಥೆಗಳು ಹರೆಯದವರವು, ಎರಡರಲ್ಲೂ ಮಾಯೆಯೇ ದಾರಿ ತೋರಿಸುತ್ತದೆ.

ಮೊದಲನೆಯದು ಪ್ರದ್ಯುಮ್ನನ ಕಥೆ. ಭಾಗವತದಲ್ಲಿ ಅದು ಹೀಗಿದೆ. ಕೃಷ್ಣ-ರುಕ್ಮಿಣಿಯರ ಈ ಮಗ ಹುಟ್ಟಿ ಹತ್ತು ದಿನ ತುಂಬುವ ಮೊದಲೇ ಮಾಯಾವಿ ಶಂಬರಾಸುರ ಅವನನ್ನು ಕದ್ದು ಕಡಲಿಗೆ ಎಸೆಯುತ್ತಾನೆ. ಮೀನೊಂದು ನುಂಗುತ್ತದೆ. ಆ ಮೀನು ಬೆಸ್ತರ ಬಲೆಗೆ ಬಿದ್ದು ಶಂಬರನ ಅಡುಗೆಮನೆಗೇ ಬರುತ್ತದೆ. ಅಲ್ಲಿದ್ದ ಮಾಯಾವತಿ ಹುಡುಗನನ್ನು ಸಾಕುತ್ತಾಳೆ. ಅವನು ಬೇಗನೆ ಪ್ರಾಯಕ್ಕೆ ಬರುತ್ತಾನೆ. ಎಲ್ಲ ಮಾಯೆಗಳನ್ನೂ ಮುರಿಯುವ ಮಹಾಮಾಯಾವಿದ್ಯೆಯನ್ನು ಅವಳು ಅವನಿಗೆ ಕಲಿಸುತ್ತಾಳೆ. ಶಂಬರನನ್ನು ಕೊಂದು ದ್ವಾರಕೆಗೆ ಬಂದಾಗ ಅಂತಃಪುರದವರು ಅವನನ್ನು ಕೃಷ್ಣನೆಂದೇ ಭ್ರಮಿಸುತ್ತಾರೆ. ರುಕ್ಮಿಣಿಗೆ ಮಾತ್ರ ಕಳೆದುಹೋದ ಕೂಸು ನೆನಪಾಗುತ್ತದೆ. ಮಗ ಸಿಕ್ಕಿದ, ಆದರೆ ಅವನ ಅಂಬೆಗಾಲು, ತೊದಲು ನುಡಿ ಅವಳಿಗೆ ಸಿಗಲಿಲ್ಲ. ಸುಂಕ ಕಟ್ಟಿದ್ದು ತಾಯಿ.

ಎರಡನೆಯದು ಉಷೆಯದು. ಸಾವಿರ ತೋಳಿನ ಬಾಣಾಸುರನ ಮಗಳು ಕನಸಿನಲ್ಲಿ ಕಂಡ ಯುವಕನಿಗೆ ಮನಸೋಲುತ್ತಾಳೆ. ಅವನು ಯಾರು, ಎಲ್ಲಿಯವನು ಒಂದೂ ತಿಳಿಯದು. ಗೆಳತಿ ಚಿತ್ರಲೇಖೆ ಕುಂಚ ಹಿಡಿಯುತ್ತಾಳೆ. ದೇವತೆಗಳು, ಗಂಧರ್ವರು, ಭೂಮಿಯ ರಾಜಕುಮಾರರು ಹೀಗೆ ಒಬ್ಬೊಬ್ಬರ ಚಿತ್ರ ಬರೆದು ತೋರಿಸುತ್ತಾಳೆ. ಪ್ರದ್ಯುಮ್ನನ ಚಿತ್ರ ಬಂದಾಗ ಉಷೆ ನಾಚುತ್ತಾಳೆ, ಅವನ ಮಗ ಅನಿರುದ್ಧನ ಚಿತ್ರ ಬಂದಾಗ ತಲೆ ತಗ್ಗಿಸುತ್ತಾಳೆ. ಅಷ್ಟೇ ಸಾಕಾಯಿತು. ಚಿತ್ರಲೇಖೆ ಆಕಾಶಮಾರ್ಗವಾಗಿ ದ್ವಾರಕೆಗೆ ಹೋಗಿ, ಮಲಗಿದ್ದ ಅನಿರುದ್ಧನನ್ನು ಶೋಣಿತಪುರಕ್ಕೆ ಎತ್ತಿ ತರುತ್ತಾಳೆ. ಕಾವಲಿನ ಕೋಟೆ, ಕುಲದ ಹಗೆ, ದಾರಿಯ ದೂರ ಎಲ್ಲವನ್ನೂ ಒಬ್ಬ ಹುಡುಗಿಯ ವಿದ್ಯೆ ಒಂದೇ ರಾತ್ರಿಯಲ್ಲಿ ದಾಟಿತು.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಉಷೆಯ ಅರಮನೆಯಲ್ಲಿ ಅನಿರುದ್ಧನಿಗೆ ದಿನಗಳು ಉರುಳಿದ್ದೇ ತಿಳಿಯಲಿಲ್ಲ ಎನ್ನುತ್ತದೆ ಭಾಗವತ. ಅತ್ತ ದ್ವಾರಕೆಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಮನೆಯವರು ಅವನಿಗಾಗಿ ಕೊರಗಿದರು. ಒಂದೇ ಅವಧಿ, ಒಳಗಿದ್ದವನಿಗೆ ಒಂದು ಲೆಕ್ಕ, ಹೊರಗೆ ಕಾದವರಿಗೆ ಬೇರೆ ಲೆಕ್ಕ. ಗುಟ್ಟು ರಟ್ಟಾಗಿ ಅನಿರುದ್ಧ ಬಾಣನ ಸೆರೆಯಾಳಾದ ಮೇಲೆ ಮಾಯೆ ಕೆಲಸಕ್ಕೆ ಬರುವುದಿಲ್ಲ. ನಾರದ ಸುದ್ದಿ ತರಬೇಕು, ಸೈನ್ಯ ಹೊರಡಬೇಕು. ಬಾಣನ ಬೆನ್ನಿಗೆ ಶಿವನಿದ್ದುದರಿಂದ ಹರಿಗೂ ಹರನಿಗೂ ಯುದ್ಧವಾಗುತ್ತದೆ. ಕೊನೆಗೆ ಶಿವನ ಮಾತಿಗೆ ಬೆಲೆ ಕೊಟ್ಟು ಕೃಷ್ಣ ಬಾಣನ ಜೀವ ಉಳಿಸುತ್ತಾನೆ, ಸಾವಿರ ತೋಳುಗಳಲ್ಲಿ ನಾಲ್ಕು ಮಾತ್ರ ಉಳಿಯುತ್ತವೆ. ಮದುವೆ ನಡೆಯುವುದು ಹಿರಿಯರು ಎದುರುಬದುರು ನಿಂತು ರಾಜಿಯಾದ ಮೇಲೆಯೇ. ಮಾಯೆ ಗೋಡೆಯನ್ನು ದಾಟಿಸಿತು, ಗೋಡೆಯ ಎರಡು ಕಡೆಯವರನ್ನು ಒಂದುಗೂಡಿಸಲು ಮಾಯೆಯಿಂದ ಆಗಲಿಲ್ಲ. ಪ್ರೀತಿಸಿ ಮದುವೆಯಾಗುವ ಹರೆಯದವರಿಗೆ ಜಾತಿ, ಮತ, ಮನೆತನದ ಗೋಡೆಗಳು ಇಂದಿಗೂ ಎದುರಾಗುತ್ತಿರುವಾಗ ಈ ಮಾತು ಹಳೆಯದೆನಿಸುವುದಿಲ್ಲ.

ಇನ್ನು ಕವಿಯೇ ಮಾಡಿದ ಕಾಲದ ಆಟಕ್ಕೆ ಬರೋಣ. ದ್ವಾರಕೆ ದ್ವಾಪರಯುಗದ ಊರು. ಆದರೆ ಕನಕದಾಸರು ವರ್ಣಿಸಿದ ದ್ವಾರಕೆಯಲ್ಲಿ ಕಾಣುವುದು ಅವರ ಕಾಲದ ವಿಜಯನಗರವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕೋಟೆ, ಪೇಟೆ, ಅರಮನೆ, ಜನಜೀವನ ಎಲ್ಲವೂ ಕವಿಯ ಕಾಲದವು. ಇದು ಕವಿಯ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಹಳೆಯ ಕಥೆಯನ್ನು ತಮ್ಮ ಕಾಲದ ನೆಲದ ಮೇಲೆ ನಿಲ್ಲಿಸುವುದು ಕನ್ನಡ ಕವಿಗಳಿಗೆ ಪಂಪನ ಕಾಲದಿಂದಲೂ ರೂಢಿ. ಪಂಪ 10ನೆಯ ಶತಮಾನದಲ್ಲಿ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದಾಗಿಸಿದ. ಕನಕದಾಸರ ಕಾವ್ಯದಲ್ಲಿ ಯುಗ ದಾಟಿದ್ದು ಒಂದು ಇಡೀ ನಗರ.

ಆ ನಗರ ಹೇಗಿತ್ತೆಂದು ಹೊರಗಿನವರೂ ಬರೆದಿದ್ದಾರೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ಗೆ ಅದು ರೋಮ್ ನಗರದಷ್ಟು ದೊಡ್ಡದಾಗಿ ಕಂಡಿತು. ಮಾಣಿಕ್ಯ, ವಜ್ರ, ಮುತ್ತು, ಪಚ್ಚೆ ಮಾರುವ ಬೀದಿಯನ್ನು ಅವನು ಕಂಡ. ಅಲ್ಲಿಯೇ ಸಂಜೆ ಸೇರುವ ಸಂತೆಯಲ್ಲಿ ಕುದುರೆ, ನಿಂಬೆ, ಕಿತ್ತಳೆ, ದ್ರಾಕ್ಷಿ, ಕಟ್ಟಿಗೆ ಮಾರುತ್ತಿದ್ದುದನ್ನೂ ಬರೆದಿಟ್ಟ. 1565ರ ಜನವರಿಯಲ್ಲಿ ರಕ್ಕಸತಂಗಡಿ ಯುದ್ಧ ನಡೆಯಿತು. ಬಳಿಕ ನಗರ ಲೂಟಿಯಾಗಿ ಹಾಳುಬಿತ್ತು. 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಅದರ ಅವಶೇಷ. ಹಂಪಿಯ ಬಜಾರಿನಲ್ಲಿ ಇಂದು ಕಲ್ಲುಕಂಬಗಳ ಸಾಲು ನೋಡಬಹುದು, ಅಲ್ಲಿನ ಗದ್ದಲ ಕೇಳಿಸದು. ಕನಕದಾಸರು ತಮ್ಮ ಕಾಲದ ನಗರವನ್ನು ದ್ವಾಪರದಲ್ಲಿ ಅಡಗಿಸಿಟ್ಟದ್ದರಿಂದ ಅದರ ಒಂದು ಚಿತ್ರ ಯಾವ ಸೈನ್ಯದ ಕೈಗೂ ಸಿಗದೆ ಉಳಿಯಿತು. ಬಂಕಾಪುರ ಸೀಮೆಯ ನಾಯಕನೊಬ್ಬ ಕನ್ನಡದಲ್ಲಿ ಬರೆದ ಚಿತ್ರವದು.

ಕಾಲವನ್ನೇ ನ್ಯಾಯಾಧೀಶನನ್ನಾಗಿ ಮಾಡಿದ ಕಥೆಯೊಂದನ್ನೂ ಕನಕದಾಸರು ಬರೆದರು. ಅದು ರಾಮಧಾನ್ಯಚರಿತೆ. ಅಕ್ಕಿಗೂ ರಾಗಿಗೂ ಜಗಳ ಬೀಳುತ್ತದೆ. ಉಳ್ಳವರ ಧಾನ್ಯ ಬಡವರ ಧಾನ್ಯವನ್ನು ಹೀಯಾಳಿಸುತ್ತದೆ. ತೀರ್ಪು ಕೊಡಬೇಕಾದ ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಬಾಗಿಲು ತೆಗೆದಾಗ ಅಕ್ಕಿ ಕಳೆಗುಂದಿತ್ತು, ರಾಗಿ ಗಟ್ಟಿಯಾಗಿತ್ತು. ರಾಗಿ ಬೇಗನೆ ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತದೆಂದು ರೈತರಿಗೆ ಗೊತ್ತು. ಹಗೇವಿನಲ್ಲಿ ಕಾಳು ತುಂಬಿಟ್ಟು ಬರಗಾಲ ದಾಟಿದವರ ಅನುಭವವೇ ಅಲ್ಲಿ ಕಥೆಯಾಗಿದೆ. ಮೇಲು ಕೀಳನ್ನು ಮಾತಿನಿಂದ ತೀರ್ಮಾನಿಸಬೇಡಿ, ಕಾಲಕ್ಕೆ ಬಿಡಿ ಎಂಬುದು ಅದರ ನೀತಿ.

ಹಾಗಾದರೆ ಇಷ್ಟೆಲ್ಲ ಇದ್ದರೂ ಈ ಪುಸ್ತಕ ಹರೆಯದವರ ಕೈಯಲ್ಲಿ ಏಕಿಲ್ಲ? ಕಾರಣ ಸರಳ. ಐದು ಶತಮಾನದಷ್ಟು ಹಳೆಯ ಕನ್ನಡ, ದೀರ್ಘ ವರ್ಣನೆಗಳು, ಪದ ಬಿಡಿಸಿ ಓದುವ ಅಭ್ಯಾಸದ ಕೊರತೆ. ಬಾಡದಲ್ಲಿ ಕನಕದಾಸರ ನೆನಪಿಗೆ ಅರಮನೆ ಎದ್ದು ನಿಂತಿದೆ, ಕನಕ ಜಯಂತಿಯಂದು ಮೆರವಣಿಗೆ ಹೊರಡುತ್ತದೆ. ಅವರ ಕಾವ್ಯದ ಬಾಗಿಲು ಮಾತ್ರ ಅರ್ಧ ಮುಚ್ಚಿದೆ. ಕಲ್ಲಿನ ಅರಮನೆ ಕಟ್ಟಲು ಸರ್ಕಾರ ಬೇಕು. ಕಾವ್ಯದ ಬಾಗಿಲು ತೆರೆಯಲು ಒಬ್ಬ ಮಾಸ್ತರರು, ನಾಲ್ಕು ಜನ ಹುಡುಗ ಹುಡುಗಿಯರು ಸಾಕು. ಸಾಂಗತ್ಯ ಹಾಡಲು ಬರುವ ಛಂದಸ್ಸು. ಗಟ್ಟಿಯಾಗಿ ಓದುತ್ತ ಹೋದರೆ ಕಣ್ಣಿಗೆ ಕಠಿಣವಾದದ್ದು ಕಿವಿಗೆ ಸುಲಭವಾಗುತ್ತದೆ.

ಓದಿದವರು ಅಲ್ಲಿಗೇ ನಿಲ್ಲಬೇಕಾಗಿಯೂ ಇಲ್ಲ. ಕನಕದಾಸರು ಭಾಗವತದ ಕಥೆಯನ್ನು ಎತ್ತಿಕೊಂಡು ತಮ್ಮ ಕಾಲದ ಬೀದಿಯಲ್ಲಿ ನಡೆಸಿದರು. ಅದೇ ಹಕ್ಕು ಇಂದಿನ ಬರಹಗಾರರಿಗೂ ಇದೆ. ಚಿತ್ರಲೇಖೆಯ ಕುಂಚಕ್ಕೆ ಈಗ ಯಾರ ಮುಖ ಮೂಡಬೇಕು, ಯುಗ ದಾಟಿ ಬಂದ ರೇವತಿ ಹುಲಗೂರಿನ ಸಂತೆಯಲ್ಲಿ ಇಳಿದರೆ ಯಾರನ್ನು ಏನೆಂದು ಮಾತಾಡಿಸಿಯಾಳು ಎಂಬುದನ್ನು ಬರೆಯಬೇಕಾದವರು ಈ ಸೀಮೆಯ ಹರೆಯದವರೇ.