ಇನ್ನೂರೈವತ್ತನ್ನು ಬಿಟ್ಟು ಐವತ್ತಕ್ಕೆ ಒಪ್ಪಿದವರು

(ಸಾರನಾಥದಲ್ಲಿ ನಡೆದ ನಮ್ಮ ಸಂಘದ ವನಭೋಜನದ ದಿನ ಮಾಡಿದ ಭಾಷಣ)



ಬಿಸಿಬೇಳೆ ಭಾತಿನ ಊಟವಾದ ಮೇಲೆ ಮರದ ನೆರಳಿನಲ್ಲಿ ಭಾಷಣ ಕೇಳಿರೆಂದರೆ ಅದು ಅನ್ಯಾಯವೇ ಸರಿ. ಆದಕಾರಣ ಚಿಕ್ಕದಾಗಿ ಮುಗಿಸುತ್ತೇವೆ. ನಾವು ಪಂಡಿತರಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ದಿನವೂ ಎಣಿಸುವ ನೋಟಿನ ಮೇಲಿನ ಸಿಂಹಗಳನ್ನು ಈ ಬೆಳಿಗ್ಗೆ ಇಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಕಲ್ಲಿನಲ್ಲಿ ಕಂಡೆವು. 1905ರಲ್ಲಿ ಅವು ಮಣ್ಣಿನಿಂದ ಹೊರಬಂದವು.

ಅವು ಇನ್ನೂ ಮಣ್ಣಿನೊಳಗಿದ್ದಾಗಲೇ ಒಬ್ಬ ತರುಣರು ಕಾಶಿಯ ಅನ್ನಛತ್ರದಲ್ಲಿ ಉಂಡು ಸಂಸ್ಕೃತ ಕಲಿಯುತ್ತಿದ್ದರು. ಅವರೇ ಧರ್ಮಾನಂದ ಕೋಸಂಬಿ. ನಮ್ಮ ಕಾರವಾರದ ನೆರೆಯ ಗೋವೆಯಲ್ಲಿ, ಸಾಂಖವಾಳವೆಂಬ ಹಳ್ಳಿಯಲ್ಲಿ 1876ರಲ್ಲಿ ಹುಟ್ಟಿದರು. ಶಾಲೆಯ ಓದು ಅಷ್ಟಕ್ಕಷ್ಟೆ. ಮರಾಠಿಯ ಮಕ್ಕಳ ಮಾಸಪತ್ರಿಕೆಯೊಂದರಲ್ಲಿ ಬುದ್ಧನ ಚರಿತ್ರೆ ಓದಿದ್ದೇ ನೆವವಾಯಿತು. 1899ರಲ್ಲಿ ಮನೆ ಬಿಟ್ಟರು. ಪುಣೆ, ಗ್ವಾಲಿಯರ್, ಕಾಶಿ, ನೇಪಾಳಗಳನ್ನು ಸುತ್ತಿ, 1902ರಲ್ಲಿ ಸಿಂಹಳಕ್ಕೆ ಹೋಗಿ ಪಾಳಿ ಕಲಿತರು. ಬರ್ಮಾದಲ್ಲಿ ಭಿಕ್ಷುವಾಗಿದ್ದರು.

ಮನೆಯಲ್ಲಿ ಹೆಂಡತಿ ಬಾಳಾಬಾಯಿಯವರೂ ಎಳೆಗೂಸೂ ಇದ್ದರು. 'ಅವರ ಗತಿಯೇನು?' ಎಂದು ತಾಯಂದಿರು ಕೇಳಿದರೆ ನ್ಯಾಯವೇ. ಲೆಕ್ಕದಲ್ಲಿ ಜಮೆಯನ್ನಷ್ಟೇ ಓದಿ ಖರ್ಚನ್ನು ಮುಚ್ಚಿಡಬಾರದು. ಆ ವಿದ್ಯೆಗೆ ಬೆಲೆ ತೆತ್ತವರಲ್ಲಿ ಬಾಳಾಬಾಯಿಯವರೂ ಒಬ್ಬರು. 1906ರಲ್ಲಿ ಕೋಸಂಬಿಯವರು ಹಿಂದಿರುಗಿ ಸಂಸಾರವನ್ನು ಕೂಡಿಕೊಂಡರು. ಮರುವರ್ಷ ಹುಟ್ಟಿದ ಮಗನೇ ಮುಂದೆ ಗಣಿತಜ್ಞರೂ ಇತಿಹಾಸಕಾರರೂ ಆಗಿ ಹೆಸರಾದ ದಾಮೋದರ ಕೋಸಂಬಿ.

ಕಲ್ಕತ್ತೆಯಲ್ಲಿ ಪಾಳಿ ಕಲಿಸಲು ತಿಂಗಳಿಗೆ 250 ರೂಪಾಯಿ ಕೊಡುತ್ತೇವೆಂದರು. ಬರೋಡೆಯ ಸಯಾಜಿರಾವ್ ಮಹಾರಾಜರು ಕೊಡುತ್ತೇನೆಂದದ್ದು 50 ರೂಪಾಯಿ. ಮಹಾರಾಷ್ಟ್ರದಲ್ಲಿದ್ದು ವರ್ಷಕ್ಕೊಂದು ಪುಸ್ತಕ ಬರೆದುಕೊಡಬೇಕು. ಕೋಸಂಬಿಯವರು ಐವತ್ತನ್ನೇ ಆರಿಸಿಕೊಂಡರು. ನಮ್ಮ ಬ್ಯಾಂಕಿನಲ್ಲಿ ಈ ಲೆಕ್ಕ ಹೇಳಿದರೆ ಮ್ಯಾನೇಜರು ನಕ್ಕಾರು!

1910ರಲ್ಲಿ ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಅವರನ್ನು ಕರೆಸಿತು. ವಾರೆನ್ ಎಂಬ ವಿದ್ವಾಂಸರು ಅಪೂರ್ಣವಾಗಿ ಬಿಟ್ಟು ತೀರಿಕೊಂಡಿದ್ದ 'ವಿಸುದ್ಧಿಮಗ್ಗ'ದ ಪಾಠಶೋಧನೆಯನ್ನು ಮುಗಿಸುವ ಕೆಲಸ. ಗ್ರಂಥದ ಮೇಲೆ ಯಾರ ಹೆಸರು ಹೇಗಿರಬೇಕೆಂದು ಅಲ್ಲಿಯ ಪ್ರೊಫೆಸರ್ ಲ್ಯಾನ್‌ಮನ್ನರೊಡನೆ ವಿರಸ ಬಂತು, 1912ರಲ್ಲಿ ಮರಳಿದರು. ಆ ಕೆಲಸಕ್ಕಾಗಿ ಮತ್ತೆ ಮತ್ತೆ ಹೋಗಿಬಂದರು. ಹಾರ್ವರ್ಡಿನ ಆ ಗ್ರಂಥ ಅಚ್ಚಾದದ್ದು 1950ರಲ್ಲಿ; ಅವರು ಸೇವಾಗ್ರಾಮದಲ್ಲಿ ಉಪವಾಸದಿಂದ ದೇಹ ಬಿಟ್ಟು ಮೂರು ವರ್ಷವಾಗಿತ್ತು.

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಳಿ ಕಲಿಸಿದರು, ಲೆನಿನ್‌ಗ್ರಾಡಿಗೂ ಹೋದರು, 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆಯನ್ನೂ ಕಂಡರು. ಇಷ್ಟೆಲ್ಲ ಸುತ್ತಿದರೂ ಬುದ್ಧನ ಚರಿತ್ರೆಯನ್ನು ಬರೆದದ್ದು ಮರಾಠಿಯಲ್ಲಿ, ತಮ್ಮ ಜನ ಓದಲೆಂದು.

ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಬುದ್ಧನ ಮಾತನ್ನು ವೇದದ ಭಾಷೆಗೆ ಏರಿಸೋಣವೆಂದು ಇಬ್ಬರು ಭಿಕ್ಷುಗಳು ಕೇಳಿದರಂತೆ. ಬುದ್ಧ ಒಪ್ಪಲಿಲ್ಲ, ಅವರವರ ನುಡಿಯಲ್ಲೇ ಕಲಿಯಲಿ ಎಂದ. ಆತ ಮೊದಲ ಉಪದೇಶ ಮಾಡಿದ ನೆಲದಲ್ಲಿ ಕುಳಿತು ನಾವು ಇದನ್ನು ನೆನೆಯಬೇಡವೇ?

ಕಳೆದ ತಿಂಗಳು ನಮ್ಮ ಮಗಳು ಊರಿನ ಅಜ್ಜಿಗೆ ಒಂದು ಕಾಗದ ಬರೆದಳು. ಮಾತೆಲ್ಲ ಕನ್ನಡ, ಅಕ್ಷರವೆಲ್ಲ ನಾಗರಿ. ಅಜ್ಜಿಗೆ ಓದಲು ಬರಲಿಲ್ಲ. ನೆರೆಮನೆಯ ಮಾಸ್ತರರಿಂದ ಓದಿಸಿಕೊಂಡರಂತೆ. ತಪ್ಪು ಮಗುವಿನದಲ್ಲ. ಸಂಜೆ ಆರರ ತನಕ ಪರರ ಲೆಕ್ಕ ನೋಡಿ ಬಂದು ಮನೆಯ ಲೆಕ್ಕವನ್ನು ಮರೆತವರು ನಾವು.

ಕಾಶಿಯಲ್ಲಿ ಕನ್ನಡ ಹೊಸತೇನಲ್ಲ. ಜಂಗಮವಾಡಿ ಮಠಕ್ಕೆ ಹೋದರೆ ಕಿವಿಗೆ ಬಿದ್ದೀತು. ಆದರೆ ಅಕ್ಷರ ಕಿವಿಯಿಂದ ಬಾರದು. ಆದ್ದರಿಂದ ನಮ್ಮ ಬಿನ್ನಹವಿಷ್ಟೆ: ಬರುವ ಭಾನುವಾರದಿಂದ ಒಂದು ಗಂಟೆ ಮಕ್ಕಳಿಗೆ ಕನ್ನಡದ ಓದುಬರಹ ನಡೆಯಲಿ. ಸಂಬಳ ಐವತ್ತೂ ಇಲ್ಲ. ಕಲಿಸುವವರ ಪಟ್ಟಿಯಲ್ಲಿ ಮೊದಲು ನಮ್ಮ ಹೆಸರನ್ನೇ ಬರೆದಿದ್ದೇವೆ. ಹಾಳೆ ಕಾರ್ಯದರ್ಶಿಗಳ ಬಳಿ ಇದೆ; ಏಳುವ ಮುನ್ನ ದಯವಿಟ್ಟು ಸಹಿ ಮಾಡಿರಿ.